ಹಿಂದಿನ ಸೀಟಿನ ಸಹಿ

"ಕತ್ತೆ ನನ್ಮಗನೇ, ಕಣ್ಣು ಮುಖದ ಮೇಲಿದೆಯೋ ಇಲ್ಲಾ ಅದನ್ನೂ ಕುಂಡಿ ಕೆಳಗೆ ಹಾಕ್ಕೊಂಡು ಕೂತಿದೀಯೋ?"

ಸಾಹೇಬರ ಪೆನ್ನು ಜಾರಿತ್ತು. ಕಾರಿನ ಹಿಂದಿನ ಚಕ್ರ ಗುಂಡಿಗೆ ಇಳಿದು ಎದ್ದ ಏಟಿಗೆ ಸಹಿಯ ಬಾಲ ಕಾಗದದ ಅಂಚು ದಾಟಿ, ಅವರ ಬೂದು ಪ್ಯಾಂಟಿನ ತೊಡೆಯ ಮೇಲೆ ಗೇಣುದ್ದ ನೀಲಿ ಗೆರೆ ಎಳೆದಿತ್ತು.

"ತಪ್ಪಾಯ್ತು ಸಾರ್. ಗುಂಡೀಲಿ ನೀರು ನಿಂತಿತ್ತು, ಆಳ ಕಾಣ್ಲಿಲ್ಲ."

"ನೀರು ನಿಂತಿತ್ತಂತೆ. ನಿನ್ ತಲೇಲಿ ಏನ್ ನಿಂತಿದೆ, ಸಗಣೀನಾ? ಈ ಪ್ಯಾಂಟನ್ನ ನಿಮ್ಮಪ್ಪ ಬಂದು ಒಗೀತಾನಾ?"

ಸ್ಟೇರಿಂಗ್ ಹಿಡಿದವನು ಗೇರು ಇಳಿಸಿದ. ಕಚೇರಿಯಲ್ಲಿ ಅವನಿಗೆ ಆಮೆ ಅಂತಲೇ ಹೆಸರು. ನಿಂತ ಲಾರಿಯನ್ನು ದಾಟುವಾಗಲೂ ಎರಡೆರಡು ಸಲ ಕನ್ನಡಿ ನೋಡುವ ಪೈಕಿ. ಹತ್ತೊಂಬತ್ತು ವರ್ಷ ಗಾಡಿ ಓಡಿಸಿದ್ದ, ಒಂದು ಕೋಳಿಯನ್ನೂ ಮುಟ್ಟಿರಲಿಲ್ಲ. ಗುತ್ತಿಗೆ ಏಜೆನ್ಸಿಯವರು ಅವನನ್ನು ಲೈಸೆನ್ಸ್ ಕಚೇರಿಯ ಸಾಹೇಬರ ಕಾರಿಗೆ ಹಾಕಿ ನಾಲ್ಕು ವರ್ಷ ತುಂಬಿತ್ತು.

ಚಾಲಕರ ದಾಖಲೆ ನೋಡಿ ಯಾರ ಲೈಸೆನ್ಸ್ ಉಳಿಯಬೇಕು, ಯಾರದ್ದು ಅಮಾನತಾಗಬೇಕು ಎಂದು ತೀರ್ಮಾನಿಸುವುದು ಸಾಹೇಬರ ಕೆಲಸ. ವರ್ಷದೊಳಗೆ ಮೂರು ತಪ್ಪು ಬಿದ್ದವನ ಕಡತ ಅವರ ಮುಂದೆ ಬರುತ್ತದೆ. ಅವರು ಅದನ್ನು ಓದಬೇಕು, ಎದುರಿಗೆ ಕೂರಿಸಿಕೊಂಡು ಅವನ ಮಾತು ಕೇಳಬೇಕು, ಆಮೇಲೆ ಸಹಿ. ನಿಯಮದ ಪುಸ್ತಕದಲ್ಲಿ ಹಾಗಿತ್ತು. ಸಾಹೇಬರಿಗೆ ಮನೆಯಿಂದ ಕಚೇರಿಗೆ ಮುಕ್ಕಾಲು ಗಂಟೆ ದಾರಿ. ಹಿಂದಿನ ಸಂಜೆಯೇ ಕಡತದ ಕಟ್ಟು ಡಿಕ್ಕಿಗೆ ಬರುತ್ತಿತ್ತು, ಬೆಳಿಗ್ಗೆ ಅವರ ತೊಡೆಗೆ ಏರುತ್ತಿತ್ತು. ಒಂದು ಕಿವಿಗೆ ಫೋನು ಒತ್ತಿಕೊಂಡು, ಕೊನೆಯ ಹಾಳೆಯನ್ನಷ್ಟೇ ಎಳೆದು, ಸೊಪ್ಪು ಬಿಡಿಸುವ ಹಾಗೆ ಸಹಿ ಮಾಡಿ ಪಕ್ಕಕ್ಕೆ ಹಾಕುತ್ತಿದ್ದರು. ಕಚೇರಿ ಬರುವಷ್ಟರಲ್ಲಿ ಇಪ್ಪತ್ತು ಇಪ್ಪತ್ತೈದು ಜನರ ಗಾಡಿ ನಿಂತುಹೋಗಿರುತ್ತಿತ್ತು. ಅವರೆಲ್ಲ ಕಚೇರಿಯ ಮೊಗಸಾಲೆಯಲ್ಲಿ, ಒಗೆದ ಅಂಗಿ ಹಾಕಿಕೊಂಡು, ಸಾಹೇಬರಿಗೆ ಏನು ಹೇಳಬೇಕೆಂದು ಒಳಗೊಳಗೇ ಒಪ್ಪಿಸಿಕೊಳ್ಳುತ್ತ ಕೂತಿರುತ್ತಿದ್ದರು.

ಆವತ್ತು ಮಧ್ಯಾಹ್ನ ಕಡತದಕ್ಕ ಅವನನ್ನು ಕೂಗಿ ಕರೆದಳು. ಅವಳೂ ಗುತ್ತಿಗೆಯವಳೇ. ಕಕ್ಕಸಿನ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಹತ್ತು ವರ್ಷದಿಂದ ಒಂದೇ ಕುರ್ಚಿ. ರಸ್ತೆಯ ಕ್ಯಾಮರಾಗಳು ಕಳಿಸಿದ ಫೋಟೋ ನೋಡಿ, ಗಾಡಿಯ ನಂಬರಿಗೆ ಓಡಿಸಿದವನ ಹೆಸರು ಹುಡುಕಿ, ಕಡತ ಕಟ್ಟಿ, ಆದೇಶವನ್ನು ಟೈಪು ಮಾಡಿಡುವುದು ಅವಳ ಪಾಲಿನ ಕೆಲಸ. ಸಾಹೇಬರದ್ದು ಸಹಿ ಮಾತ್ರ.

"ಕೂತ್ಕೋ. ಮೊದ್ಲು ಟೀ ಕುಡಿ."

"ಯಾಕಕ್ಕಾ, ಯಾರಾದ್ರೂ ಹೋದ್ರಾ?"

"ನಿನ್ನ ಫೈಲು ಎದ್ದಿದೆ ಕಣೋ."

ಅವನು ನಕ್ಕುಬಿಟ್ಟ. ಅಕ್ಕ ನಗಲಿಲ್ಲ. ಪರದೆಯನ್ನು ಅವನ ಕಡೆ ತಿರುಗಿಸಿದಳು. ಮೂರು ಫೋಟೋ, ಮೂರರಲ್ಲೂ ತಾನು ದಿನಾ ಬೆಳಿಗ್ಗೆ ಒರೆಸುವ ಕಾರು.

ಕೆಂಪು ದೀಪ ದಾಟಿದ್ದು. ಮೇಲಿನವರ ಮೀಟಿಂಗಿಗೆ ತಡವಾಗಿತ್ತು, ನುಗ್ಸೋ, ನಮ್ಮನ್ನ ಯಾವನ್ ಕೇಳ್ತಾನೆ ಅಂದಿದ್ದರು ಸಾಹೇಬರು. ಅತಿವೇಗ. ಸಾಹೇಬರ ಅತ್ತೆಗೆ ರೈಲು ತಪ್ಪುತ್ತಿತ್ತು, ಸಾಹೇಬರು ಹಿಂದಿನಿಂದ ಸೀಟಿಗೆ ಒದೆಯುತ್ತಲೇ ಇದ್ದರು. ಮೂರನೆಯದು ಒಮ್ಮುಖ ರಸ್ತೆಯಲ್ಲಿ ಎದುರು ಹೋದದ್ದು. ನಾಯಿಯ ಡಾಕ್ಟರು ಆರಕ್ಕೆ ಬಾಗಿಲು ಹಾಕುತ್ತಾನೆಂದು. ಅವತ್ತು ಹಿಂದಿನ ಸೀಟಿನಲ್ಲಿ ಸಾಹೇಬರೂ ನಾಯಿಯೂ ಇದ್ದರು, ನಾಯಿ ಒಂದೇ ಸುಮ್ಮನಿದ್ದದ್ದು.

"ಫೋಟೋದಲ್ಲಿ ಹಿಂದಿನ ಸೀಟು ಕಾಣಲ್ವೇನಕ್ಕಾ?"

"ಕ್ಯಾಮರಾಗೆ ನಂಬರ್ ಪ್ಲೇಟ್ ಸಾಕು. ಡ್ಯೂಟಿ ಪಟ್ಟೀಲಿ ನಿನ್ನ ಹೆಸರಿದೆ. ಸಾಹೇಬ್ರ ಹೆಸರು ಯಾವ ಪಟ್ಟೀಲೂ ಇರಲ್ಲ."

"ಒಂಚೂರು ಪಕ್ಕಕ್ಕಿಟ್ಬಿಡು."

"ಹಿಂದೆ ಒಬ್ಳು ಇಟ್ಟಿದ್ಳು. ಅವಳನ್ನೇ ಪಕ್ಕಕ್ಕಿಟ್ರು." ಅಕ್ಕ ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡಳು. "ನೋಡು, ಉತ್ತರ ಬರಿ. ಆಯಾ ದಿನ ಎಷ್ಟೊತ್ತಿಗೆ, ಯಾರನ್ನ, ಎಲ್ಲಿಗೆ ಕರ್ಕೊಂಡು ಹೋದೆ, ಎಲ್ಲಾ. ಕಾರಿನ ಲಾಗ್ ಪುಸ್ತಕದಲ್ಲಿ ಆ ಮೂರು ದಿನದ ಹಾಳೆ ಇರತ್ತಲ್ಲ, ಜೆರಾಕ್ಸ್ ತೆಗೆದು ನಾನೇ ಫೈಲಿಗೆ ಹಾಕ್ತೀನಿ. ಹೊರಟ ಹೊತ್ತು, ಮುಟ್ಟಿದ ಹೊತ್ತು, ಕೆಳಗೆ ಅವರದ್ದೇ ಸಹಿ. ಇನ್ನೇನು ಸಾಕ್ಷಿ ಬೇಕು."

"ಆದೇಶ ಟೈಪ್ ಮಾಡಿದ್ಯಾ?"

"ಎಲ್ಲರದ್ದೂ ಮಾಡಿರತ್ತೆ. 'ವಿವರಣೆ ತೃಪ್ತಿಕರವಾಗಿಲ್ಲ, ಆರು ತಿಂಗಳು ಅಮಾನತು.' ಉತ್ತರ ಓದಿ ಒಪ್ಪಿಗೆಯಾದ್ರೆ ಅವರು ಅದನ್ನ ಹೊಡೆದು ಹಾಕ್ಬೋದು."

"ಓದ್ತಾರಾ?"

ಅಕ್ಕ ಟೀಗೆ ಬಿದ್ದ ಇರುವೆಯನ್ನು ಬೆರಳಲ್ಲಿ ಎತ್ತಿ ಹಾಕಿ ಉಳಿದದ್ದನ್ನು ಕುಡಿದಳು.

ಮಾರನೆಯ ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಲೇ, ಉತ್ತರ ಬರೆದುಕೊಟ್ಟದ್ದೂ ಸೇರಿಸಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಆಸ್ಪತ್ರೆಯ ವಾರ್ಡು ತೊಳೆಯುವವಳು. ರಾತ್ರಿಪಾಳಿ ಮುಗಿಸಿ ಆಗಷ್ಟೇ ಬಂದು, ಗೋಡೆಗೆ ಒರಗಿ ಕಾಲು ಚಾಚಿದ್ದಳು. ಗಂಡಹೆಂಡಿರು ಮುಖ ನೋಡಿಕೊಳ್ಳಲು ಸಿಗುತ್ತಿದ್ದುದೇ ಆ ಅರ್ಧ ಗಂಟೆ.

"ಲೈಸೆನ್ಸ್ ಹೋದ್ರೆ ಏಜೆನ್ಸಿ?"

"ಅವತ್ತೇ ತೆಗೀತಾರೆ."

"ಆರು ತಿಂಗ್ಳು ಮನೇಲಿ ಕೂತು ಏನ್ಮಾಡ್ತೀಯಾ, ಮೊಟ್ಟೆ ಇಡ್ತೀಯಾ?" ಅಂದಳು. ಆಮೇಲೆ ಮಗಳ ಮುಖ ನೋಡಿ ದನಿ ಇಳಿಸಿದಳು. "ಬರ್ದು ಕೊಟ್ಟಿದ್ದು ಬರ್ದಿದ್ದಾಯ್ತು. ಬಾಯಲ್ಲೂ ಒಂದ್ ಮಾತು ಹೇಳು. ಅವನತ್ತೇನ, ಅವನ ನಾಯೀನ ಹೊತ್ತೋನು ನೀನು. ನಿನ್ನದೊಂದು ಮಾತು ಕೇಳೋಕೆ ಅವನ ಕಿವಿಗೇನು ದಾಡಿ?"

"ಹೇಳ್ತೀನಿ."

"ಹೇಳ್ತೀನಿ ಅಂತೀಯ. ಅಲ್ಲಿ ಹೋಗಿ ಸಾರ್ ಸಾರ್ ಅನ್ನೋದ್ರಲ್ಲೇ ದಾರಿ ಮುಗಿಸ್ತೀಯ."

"ಅಪ್ಪಾ, ಜುಟ್ಟು ಎಳೀತಿದೀಯ," ಅಂದಿತು ಮಗು.

ನಾಲ್ಕು ದಿನ ಬಿಟ್ಟು ಅವನ ಕಡತ ಕಟ್ಟಿಗೆ ಸೇರಿತು. ಮೇಲಿನಿಂದ ಒಂಬತ್ತನೆಯದು, ಹಸಿರು ರಟ್ಟು ಎಂದು ಅಕ್ಕ ಹೇಳಿದ್ದಳು. ಬೆಳಿಗ್ಗೆ ಸಾಹೇಬರು ಕಟ್ಟು ಬಿಚ್ಚಿದಾಗಿನಿಂದ ಅವನ ಒಂದು ಕಣ್ಣು ರಸ್ತೆಯ ಮೇಲಿತ್ತು, ಇನ್ನೊಂದು ಒಳಗನ್ನಡಿಯಲ್ಲಿ. ಮೊದಲನೆಯದು ಹೋಯಿತು. ಎರಡು, ಮೂರು. ಸಾಹೇಬರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, "ಈ ತಿಂಗ್ಳು ಮುನ್ನೂರು ದಾಟಿಸ್ತೀನಿ ಸಾರ್. ಕಟ್ಟುನಿಟ್ಟು ಅಂದ್ರೆ ಕಟ್ಟುನಿಟ್ಟು." ಆರು. ಏಳು. ಅವನು ಬೇಕೆಂದೇ ಬಸ್ಸಿನ ಹಿಂದೆ ಉಳಿದ. ಕಾರು ನಿಧಾನವಾದರೆ ಪೆನ್ನೂ ನಿಧಾನವಾಗುತ್ತದೆ ಎನ್ನುವ ಹಾಗೆ.

ಹಸಿರು ರಟ್ಟು ಮೇಲೆ ಬಂತು.

"ಸಾರ್, ಒಂದ್ ಮಾತು."

ಸಾಹೇಬರು ಫೋನಿನಿಂದ ಬಾಯಿ ತೆಗೆಯದೆ ಅಂಗೈ ಎತ್ತಿ ತೋರಿಸಿದರು.

"ಸಾರ್, ಆ ಹಸಿರು ಫೈಲು..."

"ಲೋ." ಅವರು ಫೋನನ್ನು ಎದೆಗೆ ಒತ್ತಿಕೊಂಡರು. "ಓಡಿಸೋವಾಗ ಮಾತಾಡ್ಬೇಡ ಅಂತ ಎಷ್ಟು ಸಲ ಬೊಗಳಬೇಕು ನಿಂಗೆ? ಅದೂ ಒಂದು ಅಪರಾಧ, ಗೊತ್ತಾ? ಬರಿಸ್ಲಾ ನಿನ್ ಮೇಲೂ ಒಂದು?"

"ಇಲ್ಲ ಸಾರ್, ಅದ್ರಲ್ಲಿ ನಂದು..."

"ಯಾರ ಪರವಾಗೋ ವಕಾಲತ್ತು ನಿಂದು? ಭಾವಮೈದಾನಾ? ಎಷ್ಟು ಕೊಡ್ತೀನಿ ಅಂದಿದಾನೆ? ಸ್ಟೇರಿಂಗ್ ತಿರುಗ್ಸೋಕೆ ಇಟ್ಕೊಂಡಿದ್ರೆ ಕಾನೂನು ತಿರುಗ್ಸೋಕೆ ಬರ್ತಾನೆ, ಹಲ್ಕಟ್." ಮತ್ತೆ ಫೋನಿಗೆ, "ಇಲ್ಲ ಸಾರ್, ನಮ್ಮ ಡ್ರೈವರು. ಹ್ಞೂಂ, ಹೇಳಿ ಸಾರ್." ಕೊನೆಯ ಹಾಳೆ ಎಳೆದರು. ಕನ್ನಡಿಯಲ್ಲಿ ಅವರ ಮೊಣಕೈ ಒಮ್ಮೆ ಅಲುಗಿತು. ಹಸಿರು ರಟ್ಟು ಪಕ್ಕಕ್ಕೆ ಬಿತ್ತು. ಆ ರಸ್ತೆಯಲ್ಲಿ ಗುಂಡಿಯೂ ಇರಲಿಲ್ಲ.

ಸಂಜೆ ಐದಕ್ಕೆ ಅಕ್ಕ ಆದೇಶದ ಪ್ರತಿ ಕೊಟ್ಟಳು. 'ಕೈಸೇರಿದೆ' ಎಂದು ಬರೆಸಿ, ಹೊತ್ತು ಹಾಕಿಸಿ, ಸಹಿ ಮಾಡಿಸಿಕೊಳ್ಳಬೇಕು, ಅದು ಅವಳ ಕೆಲಸ. ಹಾಗೆ ಮಾಡಿಸಿಕೊಳ್ಳುವಾಗ ಅವನ ಮುಖ ನೋಡಲಿಲ್ಲ.

"ಲಾಗ್ ಹಾಳೆ ಹಾಕಿದ್ದೆ ಕಣೋ. ಮಡಚಿದ್ದು ಮಡಚಿದ ಹಾಗೇ ವಾಪಸ್ ಬಂದಿದೆ."

"ಇನ್ನು ಗಾಡಿ ಮುಟ್ಟೋ ಹಾಗಿಲ್ವಾ?"

"ಕೈಸೇರಿದ ಕ್ಷಣದಿಂದ ಅಂತಿದೆ. ಕೊನೇ ಸಾಲೂ ಓದ್ಕೋ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸಾಹೇಬರು ಮೆಟ್ಟಿಲಿಳಿಯುತ್ತಿದ್ದರು. "ಗಾಡಿ ತೆಗಿಯೋ."

ಅವನು ಕಾರಿನ ಪಕ್ಕ ನಿಂತು ಆದೇಶವನ್ನು ಎರಡೂ ಕೈಯಲ್ಲಿ ಚಾಚಿದ. ಸಾಹೇಬರು ತಲೆಬರಹ ನೋಡಿದರು, ಸಹಿ ನೋಡಿದರು, ಕಾಗದ ತಿರುಗಿಸಿ ಬೆನ್ನು ನೋಡಿದರು.

"ಇದನ್ಯಾಕೆ ನಂಗೆ ತೋರಿಸ್ತೀಯ?"

"ನಂದು ಸಾರ್."

"ನಿಂದಾ? ನಿನ್ ಹೆಸರು ಇದಾ?"

"ನಾಲ್ಕು ವರ್ಷದಿಂದ ಇದೇ ಸಾರ್."

ಸಾಹೇಬರು ಸುತ್ತ ನೋಡಿದರು. ಒಂದು ಗಳಿಗೆ ಅವರ ಮುಖ ಸಡಿಲವಾಯಿತು. ಹೊಡೆದು ಹಾಕಿ ಪಕ್ಕದಲ್ಲೊಂದು ಸಹಿ ಹಾಕಿದರೆ ಮುಗಿಯಿತು.

"ಉತ್ತರ ಬರ್ದಿದ್ದೆ ಸಾರ್. ಮೂರೂ ದಿನ ತಾವೇ ಹಿಂದೆ ಇದ್ರಿ. ಲಾಗ್ ಹಾಳೆನೂ ಇತ್ತು, ತಮ್ಮ ಸಹಿ ಇರೋದು."

ಮುಖ ಮತ್ತೆ ಬಿಗಿಯಿತು. "ಯಾರು ಹಾಕಿದ್ದು ಅದನ್ನ?"

"ನಾನೇ ಸಾರ್."

"ಆ ಹಾಳೇನ ನಾಳೆ ಕಿತ್ತು ಬಿಸಾಕ್ತೀನಿ. ಕೇಳಿಲ್ಲಿ. ನಂಬರ್ ಬಿದ್ದ ಆದೇಶ ವಾಪಸ್ ಬರಲ್ಲ. ವಾಪಸ್ ತಗೊಂಡ್ರೆ ಮೇಲಿನವ್ರು ನನ್ನ ಹಿಡ್ಕೋತಾರೆ. ನೀನು ಸುಮ್ನೆ ಓಡಿಸ್ತಾ ಇರು. ಈ ಗಾಡೀನ ಯಾವನು ನಿಲ್ಲಿಸ್ತಾನೆ? ಏಜೆನ್ಸಿಗೂ ನಾನು ಹೇಳಲ್ಲ. ಆದ್ರೆ ಬಾಲ ಮುದುರ್ಕೊಂಡಿರ್ಬೇಕು. ರಜೆ ಗಿಜೆ ಅಂತ ಬಾಯಿ ಬಿಟ್ರೆ, ಎಲ್ಲಾದ್ರೂ ಗುದ್ದಿದ್ರೆ, ಲೈಸೆನ್ಸ್ ಇಲ್ದೇ ಓಡಿಸ್ತಿದ್ದ ಕಳ್ಳ, ನಂಗೆ ಗೊತ್ತೇ ಇರ್ಲಿಲ್ಲ ಅಂತೀನಿ. ಅರ್ಥ ಆಯ್ತಾ?"

"ಆಯ್ತು ಸಾರ್."

"ಹಂಗಿರು. ಬಾಗಿಲು ತೆಗಿ."

ಬಾಗಿಲು ತೆಗೆದ. ಅವರು ಕೂತರು. ಸೆಕೆಗೆ ಗಾಜು ಇಳಿಸಿಕೊಂಡು ಕಾಲ ಮೇಲೆ ಕಾಲು ಹಾಕಿದರು. ಅವನು ಆದೇಶವನ್ನು ಅಂಗಿಯ ಜೇಬಿಗೆ ತುರುಕಿ ಗಾಡಿ ತೆಗೆದ. ಕ್ಲಚ್ಚನ್ನು ತಟ್ಟನೆ ಬಿಟ್ಟ. ಕಾರು ಕಲಿಯುವವರ ಕೈಯಲ್ಲಿ ಹಾರುವ ಹಾಗೆ ಒಮ್ಮೆ ಹಾರಿ ಮುಂದೆ ಹೋಯಿತು. ಕಲಿಯುವವನಿಗಾದರೂ ಒಂದು ಕಾಗದ ಇರುತ್ತದೆ.

ಸೇತುವೆಯ ಬುಡದಲ್ಲಿ ಪೊಲೀಸರ ತಪಾಸಣೆ. ಬೈಕಿನವರನ್ನೂ ಟೆಂಪೋದವರನ್ನೂ ಸಾಲಾಗಿ ನಿಲ್ಲಿಸಿದ್ದರು. ಸಾಹೇಬರ ಕಾರು ಕಂಡದ್ದೇ ಪೇದೆಯೊಬ್ಬ ಸೆಲ್ಯೂಟ್ ಹೊಡೆದು ತಡೆಗಂಬ ಎಳೆದು ದಾರಿ ಬಿಟ್ಟ.

ಆಮೆ ಬ್ರೇಕು ಒತ್ತಿದ. ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಲೈಸೆನ್ಸ್ ಕೇಳಿ ಸಾರ್."

"ಏನು?" ಅಂದ ಪೇದೆ.

"ನನ್ ಲೈಸೆನ್ಸ್ ಕೇಳಿ."

"ಸಾಹೇಬ್ರ ಗಾಡಿ ಅಲ್ವೇನ್ರಿ, ಹೋಗಿ ಹೋಗಿ."

ಅವನು ಗಾಡಿ ಆಫ್ ಮಾಡಿ, ಕೀಲಿ ಕಿತ್ತು ಇಳಿದ. ಆದೇಶವನ್ನು ಬಿಡಿಸಿ ಪೇದೆಯ ಕೈಗಿಟ್ಟ. "ಐದು ಗಂಟೆಗೆ ನನ್ ಲೈಸೆನ್ಸ್ ಅಮಾನತಾಗಿದೆ. ಆಮೇಲೂ ಓಡಿಸ್ಕೊಂಡು ಬಂದಿದೀನಿ. ಕೇಸ್ ಬರೀರಿ. ಕೊನೇ ಸಾಲು ಓದಿ, ಗೊತ್ತಿದ್ದೂ ಓಡಿಸೋಕೆ ಹೇಳಿದೋರ ಮೇಲೂ ಕೇಸ್ ಅಂತಿದೆ. ಅವ್ರು ಹಿಂದೆ ಕೂತಿದಾರೆ."

"ಲೋ, ಹುಚ್ಚು ಹಿಡೀತೇನೋ? ಹತ್ತೋ," ಅಂದರು ಸಾಹೇಬರು ಹಿಂದಿನಿಂದ.

ಹಾರನ್‌ಗಳು ಶುರುವಾದವು. ಹಿಂದೆ ನಿಂತಿದ್ದ ನೀರಿನ ಟ್ಯಾಂಕರಿನವನು ಇಳಿದು ಬಂದ. "ಯಾವನೋ ಅವನು ಬೋಳೀಮಗ, ರಸ್ತೆ ನಿಮ್ಮಜ್ಜಂದಾ?"

"ನಂದಲ್ಲಣ್ಣ. ನಂಗೆ ಲೈಸೆನ್ಸೇ ಇಲ್ಲ, ಅವ್ರನ್ನ ಕೇಳು."

"ಪೇದೆ, ಏನ್ ನೋಡ್ತಾ ನಿಂತಿದೀಯ? ಅವನಿಂದ ಕೀಲಿ ಕಿತ್ಕೋ," ಅಂದರು ಸಾಹೇಬರು.

"ಕಿತ್ಕೊಳೋದ್ಯಾಕೆ," ಎಂದು ಆಮೆ ಕೀಲಿಯನ್ನು ಕಾರಿನ ತಲೆಯ ಮೇಲಿಟ್ಟ. "ತಾವೇ ಓಡಿಸ್ಕೊಂಡು ಹೋಗಿ ಸಾರ್."

"ನಂಗೆ ಬರಲ್ಲ ಅಂತ ಗೊತ್ತಿಲ್ವೇನೋ ನಿಂಗೆ?"

ಟ್ಯಾಂಕರಿನವನು ಬಗ್ಗಿ ಕಿಟಕಿಯೊಳಗೆ ನೋಡಿದ. ಪೇದೆಯ ಕೈಯಲ್ಲಿದ್ದ ಕಾಗದವನ್ನು ಓರೆಗಣ್ಣಲ್ಲಿ ಓದಿದ. ಮತ್ತೆ ಕಿಟಕಿಗೆ ಬಗ್ಗಿದ. "ಲೈಸೆನ್ಸ್ ಕಿತ್ಕೊಳೋ ಸಾಹೇಬ್ರು ಇವರೇನಾ? ಇವ್ರಿಗೆ ಓಡ್ಸೋಕೇ ಬರಲ್ವಂತಾ?" ಹಿಂದಿನ ಟೆಂಪೋದವನಿಗೆ ಕೂಗಿದ, "ಲೇ, ಬಾರೋ ಇಲ್ಲಿ. ಬಂದು ನೋಡು."

ಬೈಕಿನವರು ಬಂದರು. ಟೆಂಪೋದವನು ಬಂದ. ಪೇದೆ ಆದೇಶವನ್ನು ಹಿಡಿದುಕೊಂಡೇ ಒಮ್ಮೆ ಇವನನ್ನೂ ಒಮ್ಮೆ ಹಿಂದಿನ ಸೀಟನ್ನೂ ನೋಡುತ್ತಿದ್ದ. ಅವನ ಕೇಸು ಪುಸ್ತಕ ಇನ್ನೂ ಕಂಕುಳಲ್ಲೇ ಇತ್ತು.

"ಬರೀರಿ ಸಾರ್," ಅಂದ ಆಮೆ.

ಸಾಹೇಬರು ಗಾಜು ಏರಿಸುವ ಗುಂಡಿ ಒತ್ತಿದರು. ಕೀಲಿ ಇರಲಿಲ್ಲ, ಏರಲಿಲ್ಲ. ಇನ್ನೊಮ್ಮೆ ಒತ್ತಿದರು. ಕಿಟಕಿಯ ತುಂಬ ಮುಖಗಳು ಬಗ್ಗುತ್ತಿದ್ದವು, ಅವರು ಒತ್ತುತ್ತಲೇ ಇದ್ದರು.