ಮನಾಲಿಯ ದಾರಿಯಲ್ಲಿ ಮನೋಳಿ

ಮದುವೆಯಾಗಿ ಏಳು ವಾರಗಳಾಗಿದ್ದವು. ಒಂದು ಸಂಜೆ ಶ್ರೀಶೈಲ ಅಂಗಡಿಯಿಂದ ಬಂದವನೇ ಮಂಚದ ಮೇಲೆ ಅನ್ನಪೂರ್ಣಾಳ ಪಕ್ಕ ಕುಳಿತು ಮೊಬೈಲನ್ನು ಅವಳ ಮುಂದೆ ಹಿಡಿದ. ಪರದೆಯ ತುಂಬ ಹಿಮ. ಹಿಮದ ನಡುವೆ ಒಂದು ರಸ್ತೆ, ರಸ್ತೆಯ ಮೇಲೊಂದು ಬೈಕು, ಬೈಕಿನ ಹಿಂದಿನ ಸೀಟಿನಲ್ಲಿ ಕೆಂಪು ಜಾಕೆಟ್ಟಿನ ಹುಡುಗಿ.

"ಮನಾಲಿ," ಅಂದ. "ಬೆಳಗಾವ್ಯಾಗ ರೈಲು ಹತ್ತಿದ್ರ ಎರಡು ರಾತ್ರಿಗೆ ದಿಲ್ಲಿ. ಅಲ್ಲಿಂದ ಒಂದು ರಾತ್ರಿ ಬಸ್ಸು. ಮನಾಲ್ಯಾಗ ಬೈಕ್ ಬಾಡಿಗಿ ತಗೊಂಡು ಮ್ಯಾಲ ಹೋಗೂದು. ಹೆಂಗೈತಿ?"

ಅನ್ನಪೂರ್ಣಾ ಚಿತ್ರವನ್ನು ಸರಿಯಾಗಿ ನೋಡಲೇ ಇಲ್ಲ. ರಾತ್ರಿಗಳನ್ನು ಎಣಿಸಿದಳು. ಮೂರು. ವಾಪಸು ಬರುವಾಗ ಇನ್ನೂ ಮೂರು.

"ಚಂದೈತ್ರಿ," ಅಂದಳು.

ಹದಿನಾರನೆಯ ವಯಸ್ಸಿನಿಂದ ಅವಳಿಗೆ ಫಿಟ್ಸ್ ಬರುತ್ತಿತ್ತು. ಸಂಪಗಾಂವದ ತವರಿನಲ್ಲಿ ಯಾರೂ ಅದನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವ್ವ ಸೋಮವ್ವ "ಅದು" ಅನ್ನುತ್ತಿದ್ದಳು, ಅಪ್ಪ ಅಷ್ಟನ್ನೂ ಅನ್ನುತ್ತಿರಲಿಲ್ಲ. ಧಾರವಾಡದ ಡಾಕ್ಟರು ಕೊಟ್ಟ ಗುಳಿಗೆ ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು. ಗುಳಿಗೆ ತಪ್ಪದೆ, ನಿದ್ದೆ ಕೆಡದೆ ಇದ್ದರೆ ಎಲ್ಲರ ಹಾಗೆಯೇ ಇರುತ್ತಿದ್ದಳು, ಬಿ.ಎಡ್. ಮುಗಿಸಿದ್ದಳು, ಒಂದು ವರ್ಷ ಸಾಲಿಯಲ್ಲಿ ಕಲಿಸಿಯೂ ಇದ್ದಳು. ಕೊನೆಯ ಸಲ ಬಂದದ್ದು ಎರಡು ವರ್ಷಗಳ ಹಿಂದೆ, ಕಾಕಾನ ಮಗನ ಮದುವೆಗೆಂದು ರಾತ್ರಿ ಬಸ್ಸಿನಲ್ಲಿ ಸೋಲಾಪುರಕ್ಕೆ ಹೋದಾಗ. ಇಡೀ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಬೆಳಿಗ್ಗೆ ಬಸ್ ನಿಲ್ದಾಣದ ಫರಸಿಯ ಮೇಲೆ ಎಚ್ಚರವಾದಾಗ ಸುತ್ತ ನಲವತ್ತು ಜೋಡಿ ಕಾಲುಗಳಿದ್ದವು.

ಬೈಲಹೊಂಗಲದ ಸಂಬಂಧ ಗಟ್ಟಿಯಾದ ದಿನ ಸೋಮವ್ವ ಮಗಳನ್ನು ಅಡಿಗೆಮನೆಗೆ ಕರೆದು ಬಾಗಿಲು ಮುಚ್ಚಿದ್ದಳು. "ಯಾರ ಮುಂದೂ ಬಾಯಿ ಬಿಡಬ್ಯಾಡ ನನ್ನವ್ವಾ. ಗುಳಿಗಿ ನಾ ತಂದು ಕೊಡತೇನಿ. ಒಂದು ಕೂಸಾದ ಮ್ಯಾಲ ಹೇಳಿದ್ರಾತು." ಮದುವೆಯಾದಂದಿನಿಂದ ಗುಳಿಗೆಗಳು ಪೌಡರ್ ಡಬ್ಬಿಯೊಳಗೆ ಸೇರಿದವು. ಗಂಡ ಸ್ನಾನಕ್ಕೆ ಹೋದಾಗ, ಅತ್ತೆ ದೇವರ ಮುಂದೆ ಕುಳಿತಾಗ, ನೀರಿಲ್ಲದೆಯೇ ನುಂಗುವುದನ್ನು ಅವಳು ರೂಢಿಸಿಕೊಂಡಳು.

ಶ್ರೀಶೈಲ ಕೆಟ್ಟವನಲ್ಲ. ಮಾರ್ಕೆಟ್ ಯಾರ್ಡಿನ ಎದುರು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಅವನದು. ಬೈಕೆಂದರೆ ಜೀವ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹಿಮದ ರಸ್ತೆಯಲ್ಲಿ ಹೋಗಬೇಕೆಂದು ಕಾಲೇಜಿನ ದಿನಗಳಿಂದ ಅಂದುಕೊಂಡವನು. ಅದನ್ನು ನಿಶ್ಚಿತಾರ್ಥದ ಮರುದಿನವೇ ನಾಚಿಕೊಂಡು ಫೋನಿನಲ್ಲಿ ಹೇಳಿಯೂ ಇದ್ದ. ಅದಕ್ಕೇ ಅವಳಿಗೆ ಬೇಡ ಅನ್ನುವುದು ಕಷ್ಟವಾಗಿತ್ತು.

ಅವಳು ಬೇರೆ ಊರುಗಳ ಹೆಸರು ತೆಗೆದಳು. ಮೈಸೂರು ಅಂದಳು.

"ಸಾಲಿ ಟ್ರಿಪ್ಪೇನು?" ಎಂದು ನಕ್ಕ.

ಹಂಪಿ ಅಂದಳು. ಮೇ ತಿಂಗಳಲ್ಲಿ ಕಲ್ಲಿನ ಮೇಲೆ ರೊಟ್ಟಿ ಬೇಯುತ್ತದೆ ಅಂದ. ಹಾಗಾದರೆ ಗೋವಾಕ್ಕೆ ಹೋಗೋಣ, ಹತ್ತಿರ, ಒಟ್ಟಿಗೆ ಸಮುದ್ರಕ್ಕೆ ಇಳಿಯೋಣ ಎಂದು ಅವನೇ ಅಂದ. ನೀರಿನೊಳಗೆ ಬಂದರೆ? ಅವನು ಕೈ ಹಿಡಿದು ಎಳೆಯುತ್ತಿರುವಾಗಲೇ ಬಂದರೆ? ಅವನು ತೋರಿಸಿದ ಒಂದೊಂದು ಊರನ್ನೂ ಅವಳು ಮರುದಿನ ಮಧ್ಯಾಹ್ನ ತನ್ನ ಮೊಬೈಲಿನಲ್ಲಿ ಹುಡುಕುತ್ತಿದ್ದಳು. ಅಲ್ಲಿ ಏನು ನೋಡಬೇಕೆಂದಲ್ಲ. ಅಲ್ಲಿ ದೊಡ್ಡ ದವಾಖಾನೆ ಎಷ್ಟು ದೂರ ಎಂದು. ಹುಡುಕಿ ಅಳಿಸಿಬಿಡುತ್ತಿದ್ದಳು.

ಅತ್ತೆ ಕಾಡವ್ವನಿಗೆ ಕಿವಿ ಸ್ವಲ್ಪ ಮಂದ. ಊಟಕ್ಕೆ ಕುಳಿತಾಗ ಮಗನ ಮಾತು ಕೇಳಿ ಕಣ್ಣರಳಿಸಿದಳು. "ಮನೋಳಿಗಾ? ಮನೋಳ್ಯಾಗ ಏನೈತೋ ನೋಡಾಕ? ನಿಮ್ಮ ಸೋದರಮಾವನ ಎಮ್ಮಿ ಅದಾವು."

"ಮನೋಳಿ ಅಲ್ಲಬೇ, ಮನಾಲಿ!"

ಎಲ್ಲರೂ ನಕ್ಕರು. ಅನ್ನಪೂರ್ಣಾಳೂ ನಕ್ಕಳು. ನಗುತ್ತಲೇ ಗೋಡೆಯ ಗಡಿಯಾರ ನೋಡಿದಳು. ಎಂಟಾಗಿ ಹತ್ತು ನಿಮಿಷ.

ಕೊನೆಗೆ ಮನಾಲಿಯೇ ಗಟ್ಟಿಯಾಗಿ, ರವಿವಾರ ಟಿಕೆಟ್ ತೆಗೆಸುವುದೆಂದಾಯಿತು. ಅದಕ್ಕೂ ಮೊದಲು ಅಭ್ಯಾಸಕ್ಕೆಂದು ಶನಿವಾರ ಬೈಕಿನಲ್ಲಿ ನವಿಲುತೀರ್ಥದ ಆಣೆಕಟ್ಟಿನವರೆಗೆ ಹೋಗಿಬರೋಣ ಎಂದ ಶ್ರೀಶೈಲ. "ಹಿಂದ ಕುಂತು ಕುಂತು ರೂಢಿ ಆಗಬೇಕಲ್ಲ ನಿನಗ."

ಶುಕ್ರವಾರ ಸಂಜೆ ಅತ್ತೆಯ ತವರಿನವರು ಬಂದರು. ಹೆಂಗಸರೆಲ್ಲ ಸೊಸೆಯ ಕೋಣೆಯಲ್ಲಿಯೇ ಕುಳಿತು ಮದುವೆಯ ಆಲ್ಬಮ್ ಹರಡಿಕೊಂಡರು. ಪೌಡರ್ ಡಬ್ಬಿ ಅವರ ಬೆನ್ನ ಹಿಂದಿನ ಕಪಾಟಿನಲ್ಲಿತ್ತು. ಎಂಟಾಯಿತು, ಒಂಬತ್ತಾಯಿತು. ಅವರು ಅಲ್ಲಿಯೇ ಹಾಸಿಕೊಂಡು ಮಾತಾಡುತ್ತ ಮಲಗಿದರು. ಅವಳಿಗೆ ನಿದ್ದೆ ಹತ್ತುವಷ್ಟರಲ್ಲಿ ಒಂದು ಗಂಟೆ ಮೀರಿತ್ತು. ಬೆಳಿಗ್ಗೆ ಆರಕ್ಕೇ ಶ್ರೀಶೈಲ ಬಾಗಿಲ ಮುಂದೆ ಹಾರ್ನ್ ಒತ್ತಿದ. ಕೋಣೆಯಲ್ಲಿ ಇನ್ನೂ ನಾಲ್ಕು ಮಂದಿ ಮಲಗಿದ್ದರು. ಕಪಾಟಿನ ಬಾಗಿಲು ಕಿರ್ರೆನ್ನುತ್ತಿತ್ತು. ಬಂದ ಮೇಲೆ ತೆಗೆದುಕೊಂಡರಾಯಿತು ಎಂದುಕೊಂಡಳು.

ಸೊಗಲದ ತಿರುವು ದಾಟುವವರೆಗೂ ಏನೂ ಆಗಲಿಲ್ಲ. ಗಾಳಿ ತಂಪಾಗಿತ್ತು. ಅವನು ಹಾಡಿಕೊಳ್ಳುತ್ತಿದ್ದ. ಮನೋಳಿಯ ಸೇತುವೆ ಬಂದಾಗ, "ಗಟ್ಟಿ ಹಿಡಕೋ!" ಎಂದು ಕೂಗಿ ವೇಗ ಹೆಚ್ಚಿಸಿದ. ಕೆಳಗೆ ಮಲಪ್ರಭೆ ಬೇಸಿಗೆಗೆ ಸಣ್ಣಗಾಗಿ, ಬಂಡೆಗಳ ನಡುವೆ ಹರಿಯುತ್ತಿತ್ತು. ಸೇತುವೆ ಮುಗಿಯುತ್ತ ಬಂದಾಗ ಅನ್ನಪೂರ್ಣಾಳಿಗೆ ಬಟ್ಟೆ ಸುಟ್ಟ ವಾಸನೆ ಬಂತು.

ಸುತ್ತ ಎಲ್ಲಿಯೂ ಏನೂ ಸುಡುತ್ತಿರಲಿಲ್ಲ. ಅವಳಿಗೆ ಆ ವಾಸನೆಯ ಪರಿಚಯವಿತ್ತು. ಅದರ ಹಿಂದೆಯೇ ಎಡಗೈ ಬೆರಳುಗಳು ಜುಮುಗುಟ್ಟುತ್ತವೆ, ಆಮೇಲೆ ಹೆಚ್ಚು ಹೊತ್ತು ಉಳಿಯುವುದಿಲ್ಲ.

"ಗಾಡಿ ನಿಂದರಸ್ರಿ!"

ಹೆಲ್ಮೆಟ್ಟಿನೊಳಗೆ ಅವನಿಗೆ ಕೇಳಿಸಲಿಲ್ಲ. ಅಂಜಿದಳೆಂದು ತಿಳಿದು ನಕ್ಕಿರಬೇಕು, ಭುಜ ಕುಲುಕಿದವು. ಬೆರಳುಗಳು ಜುಮುಗುಟ್ಟತೊಡಗಿದವು. ಅವಳು ಬಲಗೈ ಮುಷ್ಟಿ ಕಟ್ಟಿ ಅವನ ಬೆನ್ನಿಗೆ ಗುದ್ದಿದಳು, ಮತ್ತೆ ಗುದ್ದಿದಳು. ಬೈಕು ನಿಂತಿತು. ಅವಳು ಇಳಿದು ಜಾಲಿಗಿಡದ ಬುಡದಲ್ಲಿ ನೆಲಕ್ಕೆ ಕುಳಿತಳು.

"ಏನಾತು? ವಾಂತಿ ಬಂದಂಗ ಆಗೇತೇನು?"

"ಅಂಜಬ್ಯಾಡ್ರಿ," ಅಂದಳು. ಅಷ್ಟೇ ನೆನಪು.

ಎಚ್ಚರವಾದಾಗ ಅವಳು ಮಗ್ಗುಲಾಗಿ ಮಲಗಿದ್ದಳು. ತಲೆಯ ಕೆಳಗೆ ಯಾರದೋ ಚೀಲವಿತ್ತು. ಬಾಯಲ್ಲಿ ರಕ್ತದ ರುಚಿ, ಸೀರೆ ಒದ್ದೆ. ಗುಲಾಬಿ ಸೀರೆಯ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತು ಅವಳ ಬೆನ್ನು ಸವರುತ್ತಿದ್ದಳು. ಅವಳು ರಾಯವ್ವ, ಆ ಕಡೆಯ ಆಶಾ ಕಾರ್ಯಕರ್ತೆ. ಜನ ಸೇರಿ ಮೂಗಿಗೆ ಉಳ್ಳಾಗಡ್ಡಿ, ಕೈಗೆ ಕೀಲಿಗೊಂಚಲು ಎಂದು ಗದ್ದಲ ಮಾಡಿದಾಗ, "ದೂರ ಸರೀರಿ, ಬಾಯಾಗ ಏನೂ ಹಾಕಬ್ಯಾಡ್ರಿ, ಮಗ್ಗಲಾ ಮಾಡ್ರಿ" ಎಂದು ಎಲ್ಲರನ್ನೂ ದಬಾಯಿಸಿದವಳು ಅವಳೇ ಎಂದು ಆಮೇಲೆ ಗೊತ್ತಾಯಿತು.

"ಮೂರು ನಿಮಿಷ ಇತ್ತು ತಂಗಿ, ಈಗ ನಿಂತೈತಿ. ಗುಳಿಗಿ ತಪ್ಪಿಸಿದ್ದೇನು?" ರಾಯವ್ವ ಕೇಳಿದಳು.

ಅನ್ನಪೂರ್ಣಾ ಹೌದೆಂದು ತಲೆಯಾಡಿಸಿ ಕಣ್ಣೆತ್ತಿದಳು. ಶ್ರೀಶೈಲ ನಾಲ್ಕು ಹೆಜ್ಜೆ ದೂರ ನಿಂತಿದ್ದ. ಹೆಲ್ಮೆಟ್ ಇನ್ನೂ ತಲೆಯ ಮೇಲೆಯೇ ಇತ್ತು. ಪ್ರಶ್ನೆಯನ್ನೂ ಕೇಳಿದ್ದ, ಉತ್ತರವನ್ನೂ ನೋಡಿದ್ದ.

ಗೆಳೆಯ ಸುಭಾಸನ ಕಾರು ಕರೆಸಿ ಅವಳನ್ನು ಮನೆಗೆ ತಂದ. "ಬಿಸಲಿಗೆ ತಲಿ ತಿರುಗೇತಿ," ಎಂದು ತಾಯಿಗೆ ಹೇಳಿದ. ಬೆಳಗಿನ ಎಂಟೂವರೆಗೆ ಎಂಥ ಬಿಸಿಲು? ಕಾಡವ್ವ ಸೊಸೆಯ ಮುಖವನ್ನೇ ನೋಡಿ, ಒಳಗೆ ಹೋಗಿ ಚಾಪೆ ಹಾಸಿದಳು. ಗಂಡ ಯಾಕೆ ಸುಳ್ಳು ಹೇಳಿದನೆಂದು ಅನ್ನಪೂರ್ಣಾಳಿಗೆ ತಿಳಿಯಲಿಲ್ಲ. ತನ್ನನ್ನು ಉಳಿಸಲೆಂದೋ, ಸದ್ದಿಲ್ಲದೆ ತವರಿಗೆ ಬಿಟ್ಟುಬರಲೆಂದೋ?

ರವಿವಾರ ಬಂತು, ಹೋಯಿತು. ಟಿಕೆಟಿನ ಮಾತೇ ಬರಲಿಲ್ಲ. ಮೂರು ದಿನ ಅವನು ಊಟ, ನೀರು, ಕೀಲಿ, ಇಷ್ಟರ ಹೊರತು ಮಾತಾಡಲಿಲ್ಲ. ಅಂಗಳದಲ್ಲಿ ಅವನು ಯಾರಿಗೋ ಫೋನ್ ಮಾಡುತ್ತ ಓಡಾಡಿದರೆ ತನ್ನ ಅಪ್ಪನಿಗೇ ಮಾಡುತ್ತಿದ್ದಾನೆಂದುಕೊಂಡು ಅವಳು ಕಿಟಕಿಯ ಬಳಿ ಕಿವಿಗೊಟ್ಟು ನಿಲ್ಲುತ್ತಿದ್ದಳು. ಯಾವ ಸೀರೆ ಒಯ್ಯಬೇಕು, ಯಾವುದನ್ನು ಇಲ್ಲಿಯೇ ಬಿಡಬೇಕು ಎಂಬುದನ್ನೂ ಮನಸ್ಸಿನಲ್ಲಿಯೇ ವಿಂಗಡಿಸಿಟ್ಟಳು.

ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಸೋಮವ್ವ ಗಳಗಳನೆ ಅತ್ತಳು. "ನಾ ಬಂದು ಅಳಿಯಂದ್ರ ಕಾಲ ಹಿಡಕೋತೇನಿ."

"ಬ್ಯಾಡಬೇ. ನೀ ಬಂದ್ರ ನಾ ನಿಂತಲ್ಲೇ ಸತ್ತಂಗ ಆಕ್ಕೇತಿ. ನಾನ ಮಾತಾಡತೇನಿ."

ಬುಧವಾರ ಮಧ್ಯಾಹ್ನ ಅವಳೇ ಬುತ್ತಿ ಹಿಡಿದು ಅಂಗಡಿಗೆ ಹೋದಳು. ಗಿರಾಕಿಗಳಿರಲಿಲ್ಲ. ಬುತ್ತಿಯ ಪಕ್ಕದಲ್ಲಿ ಗುಳಿಗೆಯ ಹಾಳೆಯನ್ನೂ ಡಾಕ್ಟರ ಮೊದಲ ಚೀಟಿಯನ್ನೂ ಇಟ್ಟಳು. ಶ್ರೀಶೈಲ ಎದ್ದು ಶಟರ್ ಅರ್ಧ ಎಳೆದ. ಚೀಟಿಯ ಮೇಲಿನ ತಾರೀಖನ್ನು ಬಹಳ ಹೊತ್ತು ನೋಡಿದ.

"ಒಂಬತ್ತು ವರ್ಷ," ಅಂದ.

"ಹೌದ್ರಿ."

"ಮೊದಲ ಹೇಳಿದ್ರ ನಾ ಈ ಮದುವಿಗೆ ಹ್ಞೂಂ ಅಂತಿದ್ನೋ ಇಲ್ಲೋ ನನಗ ಗೊತ್ತಿಲ್ಲ. ಸುಳ್ಳು ಹೇಳಂಗಿಲ್ಲ."

"ಅದಕ್ಕ ಹೇಳಲಿಲ್ರಿ."

"ಬ್ರಿಜ್ ಮ್ಯಾಲ ಎಂಬತ್ತರಾಗ ಹೊಂಟಿದ್ದೆ ನಾ." ಅವನು ಚೀಟಿ ಕೆಳಗಿಟ್ಟ. "ಅಲ್ಲೇ ಬಂದಿದ್ರ? ನಾ ನಿನ್ನ ಕೊಂದಿರ್ತಿದ್ದೆ. ಯಾಕ ಬಿದ್ದಿ ಅಂತ ಸುದ್ದಾ ನನಗ ತಿಳೀತಿದ್ದಿಲ್ಲ. ನಾಕು ದಿನ ಆತು, ಕಣ್ಣು ಮುಚ್ಚಿದ್ರ ಅದ ಬರಾಕತ್ತೇತಿ."

ಅಷ್ಟು ದಿನ ಅವಳು ಅವನ ಮೌನವನ್ನು ಸಿಟ್ಟು ಎಂದೇ ತಿಳಿದಿದ್ದಳು. ಸಿಟ್ಟೂ ಇತ್ತು. ಆದರೆ ಈಗ ಅವನು ಅಂಜಿದವನ ಹಾಗೆ ಗುಳಿಗೆಯ ಹಾಳೆ ಹಿಡಿದು ಎಷ್ಟು ಉಳಿದಿವೆಯೆಂದು ಎಣಿಸುತ್ತಿದ್ದ.

ಮರುದಿನ ಇಬ್ಬರೂ ಬಸ್ಸಿನಲ್ಲಿ ಧಾರವಾಡಕ್ಕೆ ಹೋದರು. ಡಾಕ್ಟರು ಗುಳಿಗೆಯ ಪ್ರಮಾಣ ಬದಲಿಸಲಿಲ್ಲ, ತಪ್ಪಿಸಿದ್ದಕ್ಕೆ ಬೈದರು. ಬೈಕಿನ ಹಿಂದೆ ಸದ್ಯಕ್ಕೆ ಬೇಡ, ನೀರಿಗೆ ಇಳಿಯುವುದು ಬೇಡ, ನಿದ್ದೆಗೆಡುವ ಪ್ರಯಾಣ ಬೇಡ, ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕುವುದೂ ಬೇಡ ಅಂದರು. ಉಳಿದಂತೆ ಎಲ್ಲರ ಹಾಗೆ ಇರಿ, ಎಲ್ಲಿಗೆ ಬೇಕಾದರೂ ಹೋಗಿ ಬನ್ನಿ ಎಂದೂ ಅಂದರು. ಶ್ರೀಶೈಲನ ಕಿವಿಗೆ ಬಿದ್ದದ್ದು ಬರೀ ಬೇಡಗಳು.

"ಎಲ್ಲಿಗೂ ಹೋಗೂದು ಬ್ಯಾಡ," ಅಂದ ವಾಪಸು ಬರುವಾಗ. "ಮನ್ಯಾಗ ಇರೂಣು."

ಅಂದಿನಿಂದ ಅವಳು ಬಚ್ಚಲಿಗೆ ಹೋದರೆ ಅವನು ಹೊರಗೆ ನಿಂತು ಎರಡೆರಡು ಸಲ ಹೆಸರು ಹಿಡಿದು ಕೂಗುತ್ತಿದ್ದ. ಒಲೆಯ ಮುಂದೆ ನಿಂತರೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಅವಳ ಸ್ಕೂಟಿಯ ಕೀಲಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಸೇರಿತು. ಮೆಟ್ಟಿಲು ಹತ್ತುವಾಗ ಅವಳ ತೋಳು ಹಿಡಿಯುತ್ತಿದ್ದ. ಅನ್ನಪೂರ್ಣಾಳಿಗೆ ಹೊಸದೊಂದು ಭಯ ಹುಟ್ಟಿತು. ಕಳಿಸಿಬಿಡುತ್ತಾರೆಂಬ ಭಯಕ್ಕಿಂತ ಇದು ಮೆತ್ತಗಿತ್ತು, ಆದರೆ ಮುಗಿಯುವಂಥದ್ದಾಗಿರಲಿಲ್ಲ. ಹೀಗೆಯೇ ಮುದುಕಿಯಾಗಬೇಕೇನು?

ಒಂದು ಸಂಜೆ ಅವಳು ಅವನ ಕೈಯಿಂದ ಮೊಬೈಲು ತೆಗೆದುಕೊಂಡಳು.

"ನಾ ಹೋಗಬೇಕ್ರಿ. ಎಲ್ಯರೆ ಹೋಗಬೇಕು. ಇಲ್ಲಂದ್ರ ನಿಮ್ಮ ಅಂಜಿಕಿ ನನ್ನ ತಿಂತೈತಿ."

"ದಾರ್ಯಾಗ ಬಂದ್ರ?"

"ಬಂದ್ರ ಮಗ್ಗಲಾ ಮಾಡ್ರಿ, ಗಡಿಯಾರ ನೋಡ್ರಿ, ಐದು ನಿಮಿಷ ದಾಟಿದ್ರ ದವಾಖಾನಿಗೆ ಒಯ್ರಿ. ರಾಯವ್ವ ಮಾಡಿದ್ದು ನೀವು ಮಾಡಾಕ ಬರಂಗಿಲ್ಲೇನು?"

ಅವನು ಅವಳ ಪಕ್ಕಕ್ಕೆ ಬಂದು ಕುಳಿತ. ಅವಳು ನಕಾಶೆ ತೆರೆದಳು. ಈ ಸಲ ದವಾಖಾನೆಗಳನ್ನು ಅವನ ಎದುರಿಗೇ ಹುಡುಕಿದಳು. ಹಗಲಲ್ಲೇ ಹೋಗಿ ಹಗಲಲ್ಲೇ ಮುಟ್ಟುವಂತಿರಬೇಕು, ಇದು ಅವಳದು. ಬೆಟ್ಟವಿರಬೇಕು, ಚಳಿಯಿರಬೇಕು, ಇದು ಅವನದು. ಊಟಿ ದೂರವಾಯಿತು. ಪನ್ಹಾಳ ಅವನು ಮೂರು ಸಲ ನೋಡಿದ್ದ. ಕೊನೆಗೆ ಇಬ್ಬರ ಬೆರಳೂ ಮಹಾಬಳೇಶ್ವರದ ಹತ್ತಿರ ಬಂದು ನಿಂತವು. ಕೊಲ್ಲಾಪುರದಲ್ಲಿ ಒಂದು ರಾತ್ರಿ ಉಳಿದು ಹೋದರೆ ನಿದ್ದೆ ಕೆಡುವುದಿಲ್ಲ. ಸಾತಾರಾದಲ್ಲಿ ದೊಡ್ಡ ದವಾಖಾನೆಗಳಿವೆ.

"ಹಿಮ ಇಲ್ಲಲ್ಲ," ಅಂದ.

"ಮಂಜರೆ ಇರತೈತಿ."

ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಒಂದಿಷ್ಟು ನಗೆ ಕಂಡಿತು.

ಹೊರಡುವ ಹಿಂದಿನ ದಿನ ಅವನು ತಾಯಿಗೆ ಎಲ್ಲವನ್ನೂ ಹೇಳಿದ. ಕಿವಿ ಮಂದವಾದ್ದರಿಂದ ಜೋರಾಗಿಯೇ ಹೇಳಬೇಕಾಯಿತು. ಅನ್ನಪೂರ್ಣಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಾಡವ್ವ "ಮಕ್ಕಳಿಗೂ ಬರತೈತೇನು?" ಎಂದು ಕೇಳಿದಳು.

"ಬರಲಿಕ್ಕಿಲ್ಲ ಅಂದಾರ ಡಾಕ್ಟರು. ಬರಂಗೇ ಇಲ್ಲ ಅಂತ ಹೇಳಾಕ ಆಗಂಗಿಲ್ಲಂತ."

ಕಾಡವ್ವ ಎದ್ದು ಒಳಗೆ ಹೋದಳು. ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಸೊಸೆಯ ಮುಖ ಮಾತ್ರ ನೋಡಲಿಲ್ಲ.

ಮಹಾಬಳೇಶ್ವರದ ಮೊದಲ ದಿನ ಕಣಿವೆಯ ಅಂಚಿನ ಕಟಾಂಜನದ ಬಳಿ ಶ್ರೀಶೈಲ ಅವಳ ಮಣಿಕಟ್ಟನ್ನು ಬಳೆ ಮುರಿಯುವಷ್ಟು ಗಟ್ಟಿಯಾಗಿ ಹಿಡಿದಿದ್ದ. ಅವಳು ಕಟಾಂಜನದಾಚೆಯ ಆಳದ ಕಡೆ ಬಗ್ಗಿ ನೋಡಿದಳು. ಬಟ್ಟೆ ಸುಟ್ಟ ವಾಸನೆ ಬಂತೇನೋ ಎಂದು ಉಸಿರು ಹಿಡಿದು ನಿಂತಳು. ಬಂದದ್ದು ಪಕ್ಕದಲ್ಲಿ ಸುಡುತ್ತಿದ್ದ ಗೋವಿನಜೋಳದ ತೆನೆಯ ವಾಸನೆ.

"ಕೈ ಸ್ವಲ್ಪ ಸಡಲ ಬಿಡ್ರಿ."

"ಆರಾಮ ಅದಿಯಲ್ಲ?"

"ಅದೇನಿ. ನೀವು?"

"ನನಗ ಕಾಲು ನಡಗಾಕತ್ತಾವು," ಅಂದ ಮೆಲ್ಲಗೆ.

ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದು ಕಟ್ಟೆಯ ಮೇಲೆ ಕುಳಿತು ತೆನೆ ತಿಂದರು. ಮಂಜು ಬಂದು ಕಣಿವೆಯನ್ನು ಮುಚ್ಚಿತು.

ಮೂರು ದಿನ ಏನೂ ಆಗಲಿಲ್ಲ. ಮುಂದೆ ಆಗುವುದಿಲ್ಲವೆಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ. ಹೊರಡುವ ದಿನ ಬೆಳಿಗ್ಗೆ ಎಂಟಕ್ಕೆ ಅನ್ನಪೂರ್ಣಾ ಲೋಟದಲ್ಲಿ ನೀರು ತೆಗೆದುಕೊಂಡು, ಕೋಣೆಯ ನಡುವೆ ನಿಂತು ಗುಳಿಗೆ ನುಂಗಿದಳು. ಶ್ರೀಶೈಲ ಗೊರಕೆ ಹೊಡೆಯುತ್ತಿದ್ದ. ಮನೋಳಿಯ ಆ ಬೆಳಗಿನಿಂದ ಅವನು ಹೀಗೆ ಮೈಮರೆತು ಮಲಗಿದ್ದು ಇದೇ ಮೊದಲು. ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಅವಳು ಎಬ್ಬಿಸಲಿಲ್ಲ.