ಒಂದು ತಾಸು ಇಪ್ಪತ್ತು ನಿಮಿಷದ ಹಾದಿ

ಕುಡಿದು ಕೆಟ್ಟವರು, ಇಸ್ಪೀಟಾಡಿ ಕೆಟ್ಟವರು ಯಾವ ಊರಲ್ಲಾದರೂ ಸಿಗುತ್ತಾರೆ. ಫೋನಿನಲ್ಲಿ ದೂರ ನೋಡಿ ಕೆಟ್ಟವನು ಕಾನಹೊಸಹಳ್ಳಿಗೆ ಕ್ರಾಂತಿ ಒಬ್ಬನೇ ಇರಬೇಕು.

ಕ್ರಾಂತಿ ಕೂಡ್ಲಿಗಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕೊಟ್ಟೂರಿನ ಹೈಸ್ಕೂಲಿನಲ್ಲಿ ಜವಾನನಾಗಿದ್ದು ನಿವೃತ್ತನಾದ ಅವನ ಅಪ್ಪ ಗಂಗಪ್ಪ, ಎರಡೂ ಕಿಡ್ನಿ ಕೈಕೊಟ್ಟು ಹಾಸಿಗೆ ಹಿಡಿದಿದ್ದ. ತಂಗಿ ಸಮತಾ ನಾಗಪುರದ ಆಸ್ಪತ್ರೆಯೊಂದರಲ್ಲಿ ನರ್ಸು. ಸೋಮವಾರ ಅವಳೇ ಫೋನು ಮಾಡಿ, "ಅಣ್ಣ, ಇವತ್ತ ರೈಲು ಹತ್ತಲೇನು?" ಎಂದು ಕೇಳಿದಳು.

ಕ್ರಾಂತಿ ಫೋನಿನಲ್ಲಿ ದೂರ ಹುಡುಕಿ ನೋಡಿದ. ನಾಗಪುರದಿಂದ ಬಳ್ಳಾರಿಗೆ ಏಳುನೂರು ಕಿಲೋಮೀಟರು, ವಿಮಾನದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ.

"ನಿನಗ ಇರೋದು ಐದು ದಿನ ರಜಾ. ಈಗ್ಲೇ ಬಂದು ಮುಗಿಸ್ಕೋಬ್ಯಾಡ. ಡಾಕ್ಟ್ರು ಇನ್ನಾ ಹದಿನೈದು ದಿನ ಅಂದಾರ. ನಾ ಹೇಳಿದ ದಿನ ವಿಮಾನ ಹತ್ತು, ಮಧ್ಯಾಹ್ನ ಊಟಕ್ಕ ಮನ್ಯಾಗಿರ್ತಿ."

ಕಾಯಲು ಅವಳಿಗೆ ಮನಸ್ಸಿರಲಿಲ್ಲ. ಆದರೂ ಅಪ್ಪನನ್ನು ಕಣ್ಣಾರೆ ನೋಡುತ್ತಿರುವವನು ಅಣ್ಣ, ಅವನ ಮಾತು ಮೀರಲಿಲ್ಲ.

ಅಂದು ಸಂಜೆ ಗಂಗಪ್ಪ, "ಸಮತಾ ಯಾವಾಗ ಬರ್ತಾಳ?" ಎಂದ. ಕ್ರಾಂತಿ ಫೋನನ್ನೇ ಅವನ ಮುಖದ ಮುಂದೆ ಹಿಡಿದ. "ನೋಡಪ್ಪ, ಒಂದು ತಾಸು ಇಪ್ಪತ್ತು ನಿಮಿಷ. ಎಷ್ಟು ಹತ್ರ ಅದಾಳ."

"ಹರಪನಹಳ್ಳಿಗೆ ಹೋಗಾಕೂ ಬಸ್ಸಿಗೆ ಇದಕ್ಕಿಂತ ಜಾಸ್ತಿ ಬೇಕಲ್ಲೋ," ಎಂದು ಗಂಗಪ್ಪ ನಕ್ಕ. ಮಂಗಳವಾರ ಕೇಳಿದ, ಬುಧವಾರ ಎರಡು ಸಲ ಕೇಳಿದ. ಗುರುವಾರ ಕೇಳಲಿಲ್ಲ. ಅಪ್ಪನಿಗೆ ಸಮಾಧಾನವಾಗಿದೆ ಎಂದುಕೊಂಡ ಕ್ರಾಂತಿ ಆಫೀಸಿಗೆ ಹೋದ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಗಂಗಪ್ಪನ ಉಸಿರು ನಿಂತಿತು. ಕ್ರಾಂತಿ ತಂಗಿಗೆ ಫೋನು ಮಾಡಿ ವಿಮಾನ ಹತ್ತಲು ಹೇಳಿದ.

ಅಪ್ಪನನ್ನು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದರು. "ತಂಗಿ ಮೂರಕ್ಕೆಲ್ಲಾ ಬರ್ತಾಳ," ಎಂದು ಕ್ರಾಂತಿ ಬಂದವರಿಗೆಲ್ಲ ಹೇಳಿದ. ಹತ್ತು ಗಂಟೆಗೆ ಅವಳ ಫೋನು ಬಂತು.

"ಅಣ್ಣ, ಇಲ್ಲಿಂದ ಬಳ್ಳಾರಿಗೆ ವಿಮಾನನ ಇಲ್ಲ. ಯಾವತ್ತೂ ಇಲ್ವಂತ. ಸಂಜಿಗೆ ಹೈದರಾಬಾದಿಗೆ ಒಂದೈತಿ, ಅಲ್ಲಿಂದ ಬಸ್ಸು. ನಾಳೆ ಮುಂಜಾನಿ ಆಗ್ತೈತಿ."

ಅವನು ಫೋನಿನಲ್ಲಿ ಮತ್ತೆ ಅದೇ ಪುಟ ತೆರೆದು ನೋಡಿದ. ಒಂದು ಗಂಟೆ ಇಪ್ಪತ್ತು ನಿಮಿಷ ಎಂದು ಈಗಲೂ ಇತ್ತು. ಎರಡು ಊರಿನ ನಡುವೆ ನೆಟ್ಟಗೆ ಗೆರೆ ಎಳೆದು ಹಾಕಿದ ಅಂದಾಜು, ವಿಮಾನ ಇದೆಯೆಂದು ಇದರರ್ಥವಲ್ಲ ಎಂದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಕಚೇರಿಯಲ್ಲಿ ಮಂದಿಯ ಅರ್ಜಿಯ ಕೊನೆಯ ಸಾಲಿನವರೆಗೂ ಓದುವವನು ಇದನ್ನು ಓದಿರಲಿಲ್ಲ.

ಬಿಸಿಲು ಇಳಿಯಿತು. ಕುಣಿ ತೋಡಿ ಬಂದ ಓಣಿಯ ಹಿರಿಯ ಅಂಜಿನೇಯಲು ಕ್ರಾಂತಿಯ ಹೆಗಲ ಮೇಲೆ ಕೈಯಿಟ್ಟ. "ಬ್ಯಾಸಿಗಿ ಐತಪ್ಪ. ಹೊತ್ತು ಮುಳುಗೋದ್ರಾಗ ಮಣ್ಣು ಮಾಡಾನು." ಕ್ರಾಂತಿ ತಲೆಯಾಡಿಸಿದ. ತಂಗಿಯ ಹೆಸರಿನಲ್ಲೂ ಒಂದು ಹಿಡಿ ಮಣ್ಣು ಹಾಕಿದ.

ಮರುದಿನ ಎಂಟಕ್ಕೆ ಸಮತಾ ಬಸ್ಸಿಳಿದು ಬಂದಳು. ಖಾಲಿ ಕಟ್ಟೆ ನೋಡಿ ಅಲ್ಲೇ ಕೂತಳು. "ಅಪ್ಪ ನನ್ನ ಕೇಳಿದನೇನವ್ವ?"

ಅವ್ವ ಉಚ್ಚಂಗೆಮ್ಮ ಸುಳ್ಳು ಹೇಳುವ ಹೆಂಗಸಲ್ಲ. "ದಿನಾ ಕೇಳಿದ. ಗುರುವಾರ ಗೋಡಿ ಕಡಿಗೆ ತಿರುಗಿ ಮಲಗಿಬಿಟ್ಟ. ಒಂದು ತಾಸಿನ ಹಾದ್ಯಾಗ ಅದಾಳ, ಆದ್ರೂ ಬರ್ಲಿಲ್ಲ, ಆಕಿಗೆ ನಾ ಬ್ಯಾಡಾಗೀನಿ ಅಂದ. ಆಮ್ಯಾಲೆ ಮಾತಾಡ್ಲಿಲ್ಲ."

ಸಮತಾ ಅಣ್ಣನ ಕಡೆ ನೋಡಿದಳು.

ಕ್ರಾಂತಿ ನಾಚಿಕೆಯಿಂದ ಅವ್ವನ ಮುಂದೆ ಬಂದು ಕೂತ. "ಆಕಿ ಸೋಮವಾರನ ಬರ್ತೀನಿ ಅಂದಿದ್ಲವ್ವ," ಎಂದ. "ಬ್ಯಾಡ ಅಂದಾವ ನಾನು."

ಉಚ್ಚಂಗೆಮ್ಮ ಮಗನನ್ನು ನೋಡಿದಳು. ಆಮೇಲೆ ಮಗಳ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು.

"ನನಗ ಹೇಳಿ ಏನು ಮಾಡ್ತೀಯಪ್ಪ," ಎಂದಳು. "ಅವಗ ಹೇಳಬೇಕಿತ್ತು."