ಸಂಜೆತನಕ ಚಾರ್ಜ್

ಗಾಜಿನೊಳಗೆ ಫ್ಯಾನು ತಿರುಗುತ್ತಿದೆ, ಮೇಲಿನ ಫ್ಯಾನಲ್ಲ, ಕೈಯಲ್ಲಿರುವ ಫೋನಿನ ಕಪ್ಪು ಗಾಜಿನೊಳಗಿನದು, ಅದರ ಕೆಳಗೆ ಅಂಬಾದಾಸನದೇ ಮೂಗು, ಮೂಗಿನ ಪಕ್ಕ ಹೆಗಲ ಮೇಲಿನ ಕಂಬಳಿಯ ಅಂಚು, ಎಷ್ಟು ತಣ್ಣಗಿದೆ ಈ ಫೋನು, ಬಾವಿಯಿಂದ ತೆಗೆದ ಕಲ್ಲಿನ ಹಾಗೆ, ಮತ್ತು ಎಷ್ಟು ತೆಳ್ಳಗೆ, ಇಷ್ಟು ತೆಳ್ಳಗಿನದರ ಹೊಟ್ಟೆಯಲ್ಲಿ ಏನು ಹಿಡಿದೀತು — ಇದು ಕಂಪನಿದ ಎಲ್ಲಾದ್ರಕಿಂತ ಮ್ಯಾಲಿಂದು ಅಣ್ಣಾ, ಫ್ಲ್ಯಾಗ್‌ಶಿಪ್, ಹುಮನಾಬಾದ್‌ನಾಗ ನಮ್ಮ ಅಂಗಡಿಗೇ ಮೊದಲ ಬಂದದ, ಎನ್ನುತ್ತಿದ್ದಾನೆ ಮೊಬೈಲ್ ಅಂಗಡಿಯ ಜೀಶಾನ್, ಈಗ ಅಣ್ಣಾ ಎನ್ನುತ್ತಿದ್ದಾನೆ, ಒಳಗೆ ಕಾಲಿಟ್ಟಾಗ ಕಂಬಳಿ ನೋಡಿ ಕೀಪ್ಯಾಡ್ ಫೋನ್ ಆ ಕಡಿ ಅದಾವ ಎಂದು ಮೂಲೆ ತೋರಿಸಿದವನೂ ಇವನೇ, ಎರಡು ಟಗರು ಮಾರಿದ ನೋಟು ಕಿಸೆಯಿಂದ ಅರ್ಧ ಹೊರಗೆ ಬಂದ ಮೇಲೆ ಅಣ್ಣನಾದದ್ದು, ಇರಲಿ, ಆ ಮೂಲೆಯನ್ನು ಅಂಬಾದಾಸ ಮರೆಯುವುದಿಲ್ಲ, ಅವನ ಸಿಟ್ಟು ಉಕ್ಕುವ ಜಾತಿಯದಲ್ಲ, ಮಜ್ಜಿಗೆ ಗಡಿಗೆಯ ತಳದ ಹಾಗೆ ಹುಳಿಯಾಗಿ ಕೂತಿರುತ್ತದೆ, ಏಳನೆಯ ಇಯತ್ತೆಯಲ್ಲಿ ಮಾಸ್ತರು ಕುರಿ ವಾಸನೆ ಬರ್ತದ ಹಿಂದ ಕೂಡು ಎಂದ ದಿನದಿಂದ ಕೂತಿದೆ, ಅವನು ಹಿಂದೆ ಕೂಡಲಿಲ್ಲ, ಹೊರಗೆ ನಡೆದ, ಆಮೇಲೆ ಒಳಗೆ ಹೋಗಲೇ ಇಲ್ಲ. ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅಪ್ಪ ಕೂತಿದ್ದಾನೆ, ಕಲ್ಲಿನಾಥ, ರುಮಾಲಿನ ತುದಿಯನ್ನು ಗಂಟಲ ಮುಂದೆ ಇಳಿಬಿಟ್ಟಿದ್ದಾನೆ, ಬಟ್ಟೆಯ ಹಿಂದೆ ತೂತಿದೆ, ಕಲಬುರಗಿಯ ಆಸ್ಪತ್ರೆಯಲ್ಲಿ ದನಿಯ ಗೂಡನ್ನೇ ಕೊಯ್ದು ತೆಗೆದ ಮೇಲೆ ಉಸಿರು ಬರುವುದೂ ಹೋಗುವುದೂ ಅಲ್ಲಿಂದಲೇ, ಬಟ್ಟೆ ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರುತ್ತದೆ, ಅಪ್ಪ ರಸ್ತೆಯಲ್ಲಿ ಹೋಗುವ ಕಬ್ಬಿನ ಟ್ರ್ಯಾಕ್ಟರ್ ನೋಡುತ್ತಿದ್ದಾನೆ, ಮಗ ಯಾವ ಫೋನು ತಗೊಂಡರೂ ಅವನಿಗೆ ಅಷ್ಟೇ, ಅಥವಾ ಹಾಗೆ ಕಾಣುತ್ತಾನೆ, ದನಿ ಹೋದ ಮೇಲೆ ಅವನಿಗೆ ಏನು ಬೇಕು ಏನು ಬೇಡ ಎಂಬುದು ಯಾರಿಗೂ ತಿಳಿಯದಾಗಿದೆ.

ಎದೆಯ ಕಿಸೆಯಲ್ಲಿ ಹಳೆಯ ಫೋನು, ಬ್ಯಾಟರಿ ಉಬ್ಬಿ ಬೆನ್ನಿನ ಮುಚ್ಚಳ ಎದ್ದುಬಿಟ್ಟಿದೆ, ರಬ್ಬರ್ ಬ್ಯಾಂಡ್ ಹಾಕಿದ್ದಾನೆ, ಗಬ್ಬದ ಕುರಿಯ ಹೊಟ್ಟೆ ಮುಟ್ಟಿದ ಹಾಗೆ ಆಗಾಗ ಮೇಲಿನಿಂದಲೇ ಮುಟ್ಟಿ ನೋಡುತ್ತಾನೆ, ಇನ್ನೆಷ್ಟು ದಿನ — ಇದನ್ನ ಕಿಸೇದಾಗ ಇಟ್ಕೊಂಡು ತಿರಗಾಡ್ತಿಯಲ್ಲ ಭಾಯಿ, ದಿಲ್ ಪಕ್ಕದಾಗೇ ಬಾಂಬ್, ಎಂದಿದ್ದ ಜೀಶಾನ್, ಅದರಾಗ ಏನ್ ಅದ ಅಂಥಾದ್ದು, ಅದರಲ್ಲಿ ಏನಿದೆ ಎಂದು ಅವನಿಗೆ ಹೇಳಲಿಲ್ಲ, ಒಂದು ಆವಾಜ್ ಅದ, ಹೊಸಾದಕ್ಕ ಹಾಕಿ ಕೊಡು ಎಂದಷ್ಟೇ ಹೇಳಿದ. ಆವಾಜು ಅಪ್ಪನದು. ಪ್ರತಿಯೊಬ್ಬ ಕುರಿಗಾರನದೂ ಬೇರೆ ಕೂಗು, ಒಂದೇ ಕೆರೆಯಲ್ಲಿ ಎರಡು ಹಿಂಡು ಬೆರೆತರೂ ಇಬ್ಬರು ಎರಡು ದಂಡೆಗೆ ನಿಂತು ಕೂಗಿದರೆ ಕುರಿ ತಾವೇ ಬೇರೆಯಾಗಿ ತಮ್ಮವನ ಕಡೆ ನಡೆಯುತ್ತವೆ, ಅಪ್ಪನ ಕೂಗು ಮೂರು ಮಡಿಕೆಯದು, ಮೊದಲು ನಾಲಿಗೆ ಹೊರಳಿಸುವ ಗಿರಕಿ, ಆಮೇಲೆ ಗುಡ್ಡ ಹತ್ತಿದ ಹಾಗೆ ಏರುವ ಓ, ಕಡೆಗೆ ಆ ತುದಿಯಿಂದ ಇಳಿದು ಎರಡು ಸಲ ಮುರಿದು ಮುಗಿಯುವ ದನಿ, ಗಿರಕಿಗೆ ಕುರಿ ತಲೆ ಎತ್ತುತ್ತವೆ, ಓ ಕೇಳುತ್ತ ನಿಲ್ಲುತ್ತವೆ, ಇಳಿಯುವ ದನಿ ಬಿದ್ದರೆ ಮಾತ್ರ ಕಾಲು ಕೀಳುತ್ತವೆ. ಅದನ್ನು ರೆಕಾರ್ಡ್ ಮಾಡಿದ್ದು ಬಸವಕಲ್ಯಾಣದ ಕೋಟೆಯಾಚೆಯ ಇಳಿಜಾರಿನಲ್ಲಿ, ಜೋಳ ಕೊಯ್ದ ಹೊಲ, ಸಂಜೆ, ಗಾಳಿ, ಅಪ್ಪನ ಕೂಗನ್ನೇ ರಿಂಗ್‌ಟೋನ್ ಮಾಡಿಕೊಂಡರೆ ಗೆಳೆಯರು ನಗುತ್ತಾರೆ ಎಂಬ ಹುಡುಗಾಟಕ್ಕೆ, ಜೋರ್ ಒದರು ಅಪ್ಪಾ, ಜಲ್ದಿ, ಚಾರ್ಜ್ ಮುಗಿಯಾಕತ್ತದ — ಅಪ್ಪ ಗಿರಕಿ ಹಾಕಿದ, ಓ ಏರಿತು, ಏರಿದ ತುದಿಯಲ್ಲಿ ಫೋನು ಸತ್ತಿತು, ಕಪ್ಪಾಯಿತು, ಎದುರಿಗೆ ಅಪ್ಪ ಕೂಗು ಮುಗಿಸಿದ, ಕುರಿ ಬಂದವು, ಫೋನಿನೊಳಗೆ ಮಾತ್ರ ಮುಗಿಯಲಿಲ್ಲ, ನಾಳಿಗಿ ಮಾಡಿದ್ರಾಯ್ತು ತಗೋ ಎಂದ ಅಪ್ಪ, ಹಾಗೆಂದಾಗಲೇ ದನಿಯಲ್ಲಿ ಒಡಕಿತ್ತು, ಥಂಡಿ ಅಂದುಕೊಂಡರು, ಅವ್ವ ಧೂಳಮ್ಮ ಅರಿಸಿನದ ಹಾಲು ಕುಡಿಸಿದಳು, ಥಂಡಿಯಾಗಿರಲಿಲ್ಲ.

ಈಗ ದಿನಾ ಸಂಜೆ ಅಂಬಾದಾಸ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾನೆ, ಗಿರಕಿ, ಓ, ಅಲ್ಲಿಗೆ ಕಟ್, ಹೊಲದ ತುಂಬ ತಲೆಗಳು ಎದ್ದು ನಿಲ್ಲುತ್ತವೆ, ಮುಂದಾಳು ಹರಕ ಕಿವಿಯ ಕುರಿ ಬಾಯಲ್ಲಿ ಅರ್ಧ ಹುಲ್ಲು ಇಟ್ಟುಕೊಂಡು ನೋಡುತ್ತದೆ, ಅವು ಬರುವುದಿಲ್ಲ, ಮೇಯುವುದೂ ಇಲ್ಲ, ಉಳಿದದ್ದು ಬರಲಿ ಎಂದು ಕಾಯುತ್ತವೆ, ಆ ಕಾಯುವಷ್ಟರಲ್ಲಿ ಅವನು ಹಿಂದಿನಿಂದ ಸುತ್ತುಹಾಕಿ ನಾಯಿಯ ಜೊತೆ ಅಟ್ಟಿಕೊಂಡು ಬಲೆಯ ದೊಡ್ಡಿಯೊಳಗೆ ಕೂಡಿಹಾಕಬೇಕು, ತಲೆ ಎತ್ತದಿದ್ದರೆ ಅದೂ ಇಲ್ಲ, ಚದುರಿಬಿಡುತ್ತವೆ, ತಾನೇ ಕೂಗಿ ನೋಡಿದ್ದಾನೆ, ಮೂರೂ ಮಡಿಕೆ, ಗಂಟಲು ಹರಿಯುವ ಹಾಗೆ, ಹರಕ ಕಿವಿ ಒಮ್ಮೆ ಅವನತ್ತ ನೋಡಿ ಮತ್ತೆ ಮೇಯಿತು, ಥೇಟು ಮಾಸ್ತರನ ಮುಖ. ಹೋದ ವಾರ ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯಿತು, ಸಂಜೆಗೆ ಕೂಗಿಲ್ಲ, ಕತ್ತಲಾಗುವತನಕ ಓಡಾಡಿ ಕೂಡಿಹಾಕಿದರೂ ಎರಡು ಮರಿ ಹಳ್ಳಿಖೇಡದ ಕಬ್ಬಿನಂಚಿನಲ್ಲಿ ಉಳಿದುಬಿಟ್ಟವು, ತೋಳ ಬಂದಿತ್ತು, ಬೆಳಿಗ್ಗೆ ಒಂದು ಕಾಲು ಸಿಕ್ಕಿತು, ಅಪ್ಪ ಆ ಕಾಲನ್ನು ಕಂಬಳಿಯಲ್ಲಿ ಸುತ್ತಿ ಹೂಳಿದ, ಬೈಯಲಿಲ್ಲ, ಬೈಯಲು ದನಿ ಎಲ್ಲಿದೆ. ಆದ್ದರಿಂದ ಬ್ಯಾಟರಿ, ಬ್ಯಾಟರಿ ಬಿಟ್ಟು ಬೇರೆ ಮಾತೇ ಇಲ್ಲ ಎಂದು ಘಾಟಬೋರಾಳದಿಂದ ಬಸ್ಸು ಹತ್ತಿದವನು ಈ ಗಾಜು ಹಿಡಿದುಕೊಂಡು ಯಾಕೆ ನಿಂತಿದ್ದಾನೆ — ಪೂನಂ, ಬಸವಕಲ್ಯಾಣದ ಪೂನಂ, ಸುಗ್ಗಿ ಮುಗಿದ ಮೇಲೆ ಮದುವೆ, ಹೊಲಿಗೆ ಅಂಗಡಿಯಲ್ಲಿ ಕೂತು ವಿಡಿಯೋ ಕಾಲ್ ಮಾಡುತ್ತಾಳೆ, ನಿಮ್ಮ ಮಾರೀನೇ ಕಾಣಂಗಿಲ್ರಿ, ಬರೇ ಹಲ್ಲು ಕಾಣ್ತಾವ, ನಾ ಹಲ್ಲಿನ ಸಂಗಟ ಲಗ್ನ ಆಗ್ಲ್ಯಾ, ಹಿಂದೆ ಮಷೀನಿನ ಮುಂದೆ ಕೂತ ಹುಡುಗಿಯರು ನಗುತ್ತಾರೆ, ಅವಳೂ ನಗುತ್ತಾಳೆ, ಛಲೋ ಕ್ಯಾಮೆರಾದ್ದು ತಗೋರಿ, ಕತ್ತಲದಾಗೂ ಕಾಣಬೇಕು, ಈ ತೆಳ್ಳನೆಯದು ಕತ್ತಲಲ್ಲಿ ಕಾಣಿಸುತ್ತದಂತೆ, ಚಂದ್ರನ ಮೇಲಿನ ಗುಂಡಿಯನ್ನೂ ಎಳೆದು ತರುತ್ತದಂತೆ, ಮಾತಾಡಿದರೆ ಮರಾಠಿ ತೆಲುಗು ಏನು ಬೇಕೋ ಅದಕ್ಕೆ ತಿರುಗಿಸುತ್ತದಂತೆ — ಚಾರ್ಜ್ ಎಷ್ಟೊತ್ತು ಇರ್ತದ, ಎಂದ ಅಂಬಾದಾಸ. ಅರೆ ಚಾರ್ಜರ್ ಹಚ್ಚಿದ್ರ ಅರ್ಧಾ ತಾಸಿನಾಗ ಫುಲ್ ಅಣ್ಣಾ. ಕುರಿ ಬೆನ್ನಿಗಿ ಹಚ್ಚಲೇನು. ಜೀಶಾನ್ ನಕ್ಕ, ಕೌಂಟರಿನ ಆ ತುದಿಯಲ್ಲಿ ಸಿಮ್ ಹಾಕಿಸಲು ಬಂದು ನಿಂತಿದ್ದ ಮುದುಕಿ ಸರ್ದಾರಬಿಯೂ ನಕ್ಕಳು, ಬರೋಬರ್ ಕೇಳ್ದಿ ಬೇಟಾ, ಇವರಿಗಿ ಗೋಡಿಯಾಗಿನ ಪ್ಲಗ್ ಬಿಟ್ಟು ಬ್ಯಾರೆ ಜಗತ್ತು ಗೊತ್ತಿಲ್ಲ.

ಜೀಶಾನ್ ಇನ್ನೊಂದನ್ನು ತೆಗೆದಿಟ್ಟ, ಬೇರೆ ಕಂಪನಿಯದು, ಇದೂ ಅವರ ಮೇಲಿನ ಮಾಡೆಲ್ಲೇ, ದಪ್ಪ, ಭಾರ, ಅಂಗೈಯಲ್ಲಿ ಇಟ್ಟರೆ ತೂಕದ ಕಲ್ಲು, ಎರಡು ದಿನ ಆರಾಮ ಹೋಗ್ತದ, ಆದರ ಇದರಾಗ ಅಂಥಾ ಕರಾಮತ್ತು ಇಲ್ಲ ಅಣ್ಣಾ, ಕ್ಯಾಮೆರಾ ಸಾದಾ, ಎಐ ಕಮ್ಮಿ, ಅಂಬಾದಾಸ ಒಂದು ಕೈಯಲ್ಲಿ ಅದನ್ನೂ ಒಂದು ಕೈಯಲ್ಲಿ ಇದನ್ನೂ ಹಿಡಿದ, ತಕ್ಕಡಿಯ ಹಾಗೆ, ಒಂದರಲ್ಲಿ ಪೂನಂ ನೋಡುವ ತನ್ನ ಮುಖ, ಒಂದರಲ್ಲಿ ಅಪ್ಪನ ಓ, ಮುಖ ಹಗುರ, ಓ ಭಾರ, ಇಷ್ಟೇ ಆಗಿದ್ದರೆ ಮುಗಿದುಹೋಗುತ್ತಿತ್ತು, ಅಷ್ಟರಲ್ಲಿ ಜೀಶಾನ್ — ತಾ ಇಲ್ಲಿ, ನಿನ್ನ ಆವಾಜ್ ಈ ತೆಳ್ಳನ್ದಕ್ಕ ಹಾಕಿ ತೋರಸ್ತೀನಿ, ಇದು ಗದ್ದಲ ತೆಗೆದು ಸಾಫ್ ಮಾಡ್ತದ, ಎರಡು ಪಟ್ಟು ಜೋರ್ ಕೇಳ್ತದ, ಎರಡು ಪಟ್ಟು, ಆ ಮಾತಿಗೆ ಕೈ ತಾನೇ ಕಿಸೆಗೆ ಹೋಯಿತು, ಹೊಲದ ಆ ದಂಡೆಯತನಕ ಕೇಳಿದರೆ ಕಬ್ಬಿನಂಚಿನಲ್ಲಿ ಏನೂ ಉಳಿಯುವುದಿಲ್ಲ. ರಬ್ಬರ್ ಬ್ಯಾಂಡ್ ಬಿಚ್ಚಿದ, ಮುಚ್ಚಳ ಇನ್ನಷ್ಟು ಎದ್ದಿತು, ಸಾವಕಾಶ ಭಾಯಿ ಎಂದು ಜೀಶಾನ್ ಎರಡು ಬೆರಳಲ್ಲಿ ಹಿಡಿದ, ಎರಡೂ ಫೋನು ಪಕ್ಕಪಕ್ಕ ಇಟ್ಟ, ಕೂಗು ಇದರಿಂದ ಅದಕ್ಕೆ ಹೋಯಿತು, ಹೋಗುವಾಗ ಸದ್ದಿಲ್ಲ, ಒಂದು ಗೆರೆ ತುಂಬಿತು ಅಷ್ಟೇ, ಆಮೇಲೆ ಗಾಜಿನ ಮೇಲೆ ಒಂದರ ಕೆಳಗೊಂದು ಮೂರು ಗೆರೆ ಬಂದವು, ಪ್ರತಿ ಗೆರೆಯ ಮೇಲೂ ಒಂದು ಬಿಳಿ ಮಣಿ, ಮಾತು, ಗಾಳಿ, ಗದ್ದಲ, ಕನ್ನಡದಲ್ಲೇ ಬರೆದಿತ್ತು, ಅಂಬಾದಾಸ ಓದಿಕೊಂಡ, ಜೀಶಾನ್ ಗಾಳಿಯ ಮಣಿಯನ್ನು ಎಳೆದು ಕೆಳಗೆ ಹಾಕಿದ, ಗದ್ದಲದ ಮಣಿಯನ್ನೂ ಹಾಕಿದ, ಕೇಳು ಈಗ — ಜೋರ್ ಒದರು ಅಪ್ಪಾ, ಜಲ್ದಿ, ಚಾರ್ಜ್ ಮುಗಿಯಾಕತ್ತದ, ಅಂಬಾದಾಸನದೇ ದನಿ, ಕಿವಿಯ ಪಕ್ಕ ಕೂಗಿದಷ್ಟು ಸ್ಪಷ್ಟ, ಮೀಸೆ ಬರುತ್ತಿದ್ದ ಹುಡುಗನ ದನಿ, ಅದರ ನಂತರ ಏನೂ ಇಲ್ಲ, ಗಾಳಿ ಇಲ್ಲ, ಕೊರಳಗಂಟೆ ಇಲ್ಲ, ಗಿರಕಿ ಇಲ್ಲ, ಓ ಇಲ್ಲ. ನೋಡು ಹ್ಯಾಂಗ ಸಾಫ್ ಆತು, ಎಂದ ಜೀಶಾನ್.

ಸಿಟ್ಟು ಆಗಲೂ ಏರಲಿಲ್ಲ, ಅದೇ ವಿಚಿತ್ರ, ಕಲ್ಲಿನ ಹಾಗೆ ಕೂತಿತು, ಅಪ್ಪನ್ನ ಅಳಿಸಿದಿ ಎಂದ ಅಂಬಾದಾಸ, ಸಣ್ಣ ದನಿಯಲ್ಲಿ, ಏನಂದ್ರಿ ಎಂದ ಜೀಶಾನ್, ಈಗ ರೀ ಹಚ್ಚಿದ, ನಮ್ಮಪ್ಪ ಗದ್ದಲ ಏನಲೇ, ಎಲ್ಲಿ ಹೋದಾ ಅಂವಾ, ಜೀಶಾನ್‌ಗೆ ತಿಳಿಯಲಿಲ್ಲ, ಆಮೇಲೆ ಬಾಗಿಲ ಬಳಿ ನೋಡಿದ, ಇಳಿಬಿಟ್ಟ ರುಮಾಲು ನೋಡಿದ, ಒಳಕ್ಕೆ ಹೋಗಿ ಹೊರಕ್ಕೆ ಬರುವ ಬಟ್ಟೆ, ತಿಳಿಯಿತು, ಯಾ ಅಲ್ಲಾ, ಎಲ್ಲೂ ಹೋಗಿಲ್ಲ ಅಣ್ಣಾ, ಇಲ್ಲೇ ಅದ, ಮಣಿ ಮ್ಯಾಲ ಮಾಡಿದ್ರ ವಾಪಸ್ ಬರ್ತದ, ಗಡಿಬಿಡಿಯಲ್ಲಿ ಬೇರೆಲ್ಲೋ ಒತ್ತಿದ, ಅಷ್ಟರಲ್ಲಿ ಅಪ್ಪ ಎದ್ದು ಬಂದಿದ್ದ, ಯಾವಾಗ ಎದ್ದ, ಕೌಂಟರಿಗೆ ಎದೆಯೂರಿ ಫೋನನ್ನು ತನ್ನ ಕಡೆ ತಿರುಗಿಸಿಕೊಂಡ, ಅಪ್ಪನಿಗೆ ಅಕ್ಷರ ಬರುವುದಿಲ್ಲ, ಉಣ್ಣಿ ಹುಡುಕುವವನ ಹಾಗೆ ಒಂದೊಂದೇ ಮಣಿ ಸರಿಸಿ ಕೇಳಿದ, ಗಾಳಿ ಬಂತು, ಹೋಯಿತು, ಗದ್ದಲದ ಮಣಿಯನ್ನು ಈ ತುದಿಯಿಂದ ಆ ತುದಿಗೆ ಒಯ್ದ, ಗಿರಕಿ ಬಂತು, ತಾನೇ ಬೆಚ್ಚಿ ಹೆಬ್ಬೆರಳು ಎತ್ತಿದ, ನಕ್ಕ, ಅಪ್ಪ ನಕ್ಕರೆ ಈಗ ಬರೀ ಗಾಳಿ, ಮತ್ತೆ ಬೆರಳಿಟ್ಟ, ಕೊನೆಗೆ ಮೇಲಿನ ಗೆರೆಯ ಮಣಿ, ಮಾತು, ಅದನ್ನು ಪೂರಾ ಕೆಳಗೆ ಎಳೆದ, ಜೋರ್ ಒದರು ಅಪ್ಪಾ ಹೋಯಿತು, ಜಲ್ದಿ ಹೋಯಿತು, ಚಾರ್ಜ್ ಹೋಯಿತು, ಮಗ ಹೋದ, ಮಗನಿಲ್ಲದ ಇಳಿಜಾರಿನಲ್ಲಿ ಅಪ್ಪ ಒಬ್ಬನೇ ನಿಂತಿದ್ದಾನೆ, ಗಂಟೆಗಳ ಸದ್ದಿನ ನಡುವೆ, ಹೀಗೆ ಒಮ್ಮೆಯೂ ಕೇಳಿರಲಿಲ್ಲ, ಇಷ್ಟು ದಿನ ಕುರಿಗಳು ಕೇಳಿದ್ದು ಅಪ್ಪನ ಕೂಗಿನ ಮುಂದೆ ತನ್ನ ಒದರಾಟವನ್ನೂ ಸೇರಿಸಿ, ಹಾಗಾದರೆ ಕರಾಮತ್ತೂ ಬೇಕಾಯಿತಲ್ಲ, ತೆಳ್ಳನೆಯದೇ ತಗೊಳ್ಳಬೇಕೇ, ಅರ್ಧ ದಿನಕ್ಕೆ ಸಾಯುವುದನ್ನು, ಜೀಶಾನ್ ನೋಡುತ್ತಿದ್ದಾನೆ, ಮಾರಾಟವಾಯಿತೆಂದುಕೊಂಡಿದ್ದಾನೆ — ಇದನ್ನ ಹಿಂಗೇ ಉಳಿಸು, ಎಂದ ಅಂಬಾದಾಸ. ಉಳಿಸ್ದೆ. ಈಗ ಆ ದಪ್ಪಂದಕ್ಕ ಹಾಕು. ಜೀಶಾನ್ ಕಣ್ಣು ಕಿರಿದು ಮಾಡಿದ, ಅಂದರ ಕರಾಮತ್ತು ಇದರದು, ರೊಕ್ಕ ಅದಕ್ಕ. ಹೂಂ. ಭಾರೀ ಅದಿ ಮಾರಾಯಾ ನೀ. ಕೀಪ್ಯಾಡ್ ಆ ಕಡಿ ಅದಾವ ಅಂದಿದ್ದೆಲ್ಲ, ಎಂದ ಅಂಬಾದಾಸ, ಕರಾಮತ್ತಿಲ್ಲದ ಆ ಕಡೀನೇ ಹೊಂಟೀನಿ ನೋಡು. ಸರ್ದಾರಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಪೂನಂಗೆ ಹಲ್ಲೇ ಕಾಣಲಿ, ಸಾದಾ ಕ್ಯಾಮೆರಾದಲ್ಲಿ ಎಷ್ಟು ಕಾಣುತ್ತದೋ ಅಷ್ಟು, ಮದುವೆಯಾದ ಮೇಲೆ ಹಿಂಡಿನ ಹಿಂದೆ ಬಂದರೆ ಹಗಲು ಬೆಳಕಿನಲ್ಲೇ ನೋಡುತ್ತಾಳೆ, ಬೈಯುತ್ತಾಳೆ, ಬೈಯಲಿ, ದಪ್ಪ ಫೋನಿನ ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿದು ಜೀಶಾನ್ ಅಪ್ಪನ ಕೈಗೆ ಕೊಟ್ಟ, ಮಗನ ಕೈಗಲ್ಲ, ನೀವೇ ಒತ್ರಿ ಚಾಚಾ, ಅಪ್ಪ ಒತ್ತಿದ, ಗಿರಕಿ ಅಂಗಡಿಯ ಗಾಜುಗಳಿಗೆಲ್ಲ ಬಡಿಯಿತು, ಓ ಏರಿತು, ಏರುತ್ತ ಬಾಗಿಲು ದಾಟಿ ರಸ್ತೆಗೆ ಹೋಯಿತು, ಜೀಶಾನ್ ತಲೆ ಎತ್ತಿದ, ಸಿಮ್ ಹಿಡಿದ ಸರ್ದಾರಬಿ ತಲೆ ಎತ್ತಿದಳು, ಹೊರಗೆ ಚಹಾ ಸೋಸುತ್ತಿದ್ದವನು, ಮೋಟಾರ್ ಸೈಕಲ್ ಮೇಲಿದ್ದ ಇಬ್ಬರು, ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್, ಎಲ್ಲರೂ ಗದ್ದ ಎತ್ತಿ ಈ ಕಡೆಗೆ, ಓ ತುದಿ ಮುಟ್ಟಿತು, ಅಲ್ಲಿಗೆ ಕಟ್, ಕರಾಮತ್ತು ಅಷ್ಟೇ, ಇಲ್ಲದ್ದನ್ನು ಯಾವ ಮಣಿಯೂ ತರುವುದಿಲ್ಲ, ಅಪ್ಪನ ಬಾಯಿ ತೆರೆದಿದೆ, ಇಳಿಯುವ ದನಿ ಇರಬೇಕಾದ ಜಾಗದಲ್ಲಿ ರುಮಾಲಿನ ತುದಿ ಹೊರಕ್ಕೆ ಹಾರಿತು, ಒಮ್ಮೆ, ಇನ್ನೊಮ್ಮೆ, ಸದ್ದಿಲ್ಲ, ಚಹಾದವನ ಕೈಯಲ್ಲಿ ಪಾತ್ರೆ ಹಾಗೇ ನಿಂತಿದೆ, ಯಾರೂ ಹೋಗುವುದಿಲ್ಲ, ಬರುವುದಿಲ್ಲ, ಉಳಿದದ್ದು ಬರಲಿ ಎಂದು ಕಾಯುತ್ತ, ಹೊಲದ ತುಂಬ, ರಸ್ತೆಯ ತುಂಬ, ಹರಕ ಕಿವಿಯದು ಬಾಯಲ್ಲಿ ಅರ್ಧ ಹುಲ್ಲು ಇಟ್ಟುಕೊಂಡು, ತಲೆ ಎತ್ತಿ —